ಜೊತೆಯಾಟಗಾರನ ಋಣ

ಆಟದ ಚರಿತ್ರೆಯೆಂದರೆ ಸಾಮಾನ್ಯವಾಗಿ ಗೆದ್ದವರ ಚರಿತ್ರೆ. ಯಾವ ವರ್ಷ ಯಾವ ತಂಡಕ್ಕೆ ಪಾರಿತೋಷಕ ದೊರೆಯಿತು, ಯಾರ ದಾಖಲೆಯನ್ನು ಯಾರು ಮುರಿದರು ಎಂಬ ವಿವರಗಳು ಪುಸ್ತಕಗಳಲ್ಲಿ ಅಚ್ಚುಕಟ್ಟಾಗಿ ಸಿಗುತ್ತವೆ. ಆದರೆ ಆಡುತ್ತಾಡುತ್ತಲೇ ನೆಲಕ್ಕೆ ಬಿದ್ದು, ಮತ್ತೆ ಏಳಲಾರದೆ ಹೋದವನ ಗತಿ ಏನಾಯಿತು? ಅವನ ಔಷಧೋಪಚಾರದ ವೆಚ್ಚವನ್ನು ಹೊತ್ತವರು ಯಾರು? ಅವನ ಹೆಸರು ಕರೆದು ಹುರಿದುಂಬಿಸಿದ ಜನ ಅವನನ್ನು ಎಷ್ಟು ಕಾಲ ನೆನಪಿನಲ್ಲಿಟ್ಟುಕೊಂಡರು? ಈ ಪ್ರಶ್ನೆಗಳ ಬೆನ್ನು ಹತ್ತಿ ಹೊರಟರೆ, ಸೋಲು ಗೆಲವುಗಳಿಗೆ ಬೆಲೆಯೇ ಇಲ್ಲದ ಇನ್ನೊಂದು ಬಗೆಯ ಪಂದ್ಯ ನಮ್ಮ ಕಣ್ಣಿಗೆ ಬೀಳುತ್ತದೆ. ಅದೇ ಸಹಾಯಾರ್ಥ ಪಂದ್ಯ.

ನಾಟಕ ಕಂಪೆನಿಗಳ ಕಾಲವನ್ನು ಬಲ್ಲವರಿಗೆ 'ಸಹಾಯಾರ್ಥ' ಎಂಬ ಮಾತು ಹೊಸದಲ್ಲ. ಒಂದು ರಾತ್ರಿಯ ಪ್ರದರ್ಶನದ ಹಣವನ್ನು ಒಬ್ಬ ನಟನಿಗೋ ಒಂದು ಶಾಲೆಯ ಕಟ್ಟಡಕ್ಕೋ ಒಪ್ಪಿಸುವುದು ರಂಗಭೂಮಿಯ ರೂಢಿ. ಇಂಗ್ಲೆಂಡಿನ ಕ್ರಿಕೆಟ್ಟಿನಲ್ಲಿ ಈ ರೂಢಿ ಒಂದು ಪದ್ಧತಿಯಾಗಿಯೇ ಬೆಳೆಯಿತು. ಹೊಟ್ಟೆಪಾಡಿಗಾಗಿ ಆಡುವ ವೃತ್ತಿ ಆಟಗಾರ ಬಹುಕಾಲ ಸೇವೆ ಸಲ್ಲಿಸಿದ ಮೇಲೆ, ಒಂದು ಪಂದ್ಯದ ಪ್ರವೇಶಧನವನ್ನು ಅವನಿಗೆ ಬಿಟ್ಟುಕೊಡುತ್ತಿದ್ದರು. ಮುಪ್ಪಿನ ದಿನಗಳಿಗೆ ಅವನ ಆಸರೆಯೆಲ್ಲ ಬಹುಮಟ್ಟಿಗೆ ಅದೇ.

ಆದರೆ ಆ ಆಸರೆ ಎಷ್ಟು ತೆಳುವಾದದ್ದೆಂಬುದಕ್ಕೆ ಎರಡು ಪ್ರಸಂಗಗಳನ್ನು ನೆನೆಯಬಹುದು. ೧೯೦೭ರಲ್ಲಿ ಲಾರ್ಡ್ಸ್ ಮೈದಾನದಲ್ಲಿ ಮಿಡ್ಲ್‌ಸೆಕ್ಸ್ ತಂಡದ ಆಲ್ಬರ್ಟ್ ಟ್ರಾಟ್‌ನ ಸಹಾಯಾರ್ಥ ಪಂದ್ಯ ನಡೆಯಿತು. ಎದುರಾಳಿ ಸಾಮರ್ಸೆಟ್. ಟ್ರಾಟ್ ಎರಡನೆಯ ಇನಿಂಗ್ಸಿನಲ್ಲಿ ನಾಲ್ಕು ಎಸೆತಗಳಿಗೆ ನಾಲ್ಕು ಹುದ್ದರಿಗಳನ್ನು ಉರುಳಿಸಿದ್ದಲ್ಲದೆ, ಅದೇ ಇನಿಂಗ್ಸಿನಲ್ಲಿ ಇನ್ನೊಮ್ಮೆ ಮೂರು ಎಸೆತಗಳಿಗೆ ಮೂವರನ್ನು ಔಟು ಮಾಡಿದ. ಅಪೂರ್ವ ಸಾಧನೆಯೇ ಸರಿ. ಆದರೆ ಆಟ ಬೇಗ ಮುಗಿದರೆ ಟಿಕೆಟ್ಟಿನ ಹಣವೂ ಬೇಗ ನಿಲ್ಲುತ್ತದೆ. ತನ್ನ ಕೈಯಾರೆ ತಾನೇ ಅನಾಥಾಲಯದ ದಾರಿ ಹಿಡಿದೆನೆಂದು ಅವನು ನಕ್ಕನಂತೆ. ೧೯೫೩ರಲ್ಲಿ ಬಾತ್ ನಗರದಲ್ಲಿ ಬರ್ಟಿ ಬ್ಯೂಸ್ ಎಂಬ ಆಟಗಾರನಿಗಾಗಿ ಏರ್ಪಟ್ಟ ಮೂರು ದಿನಗಳ ಪಂದ್ಯ, ಅಂಕಣ ಕೆಟ್ಟಿದ್ದರಿಂದ ಒಂದೇ ದಿನದಲ್ಲಿ ಮುಗಿದುಹೋಯಿತು. ಒಬ್ಬನ ಬಾಳಿನ ಭದ್ರತೆ ಅಂಕಣದ ಮಣ್ಣನ್ನೂ ಆಕಾಶದ ಮೋಡವನ್ನೂ ಅವಲಂಬಿಸಿತ್ತು!

ಇಂಥ ಹಣ ಸಂಬಳವೋ ಕೊಡುಗೆಯೋ ಎಂಬ ಪ್ರಶ್ನೆ ನ್ಯಾಯಾಲಯದ ಮೆಟ್ಟಿಲನ್ನೂ ಹತ್ತಿತು. ಕೆಂಟ್ ತಂಡದ ಜೇಮ್ಸ್ ಸೀಮೂರ್‌ಗೆ ೧೯೨೦ರ ಪಂದ್ಯದಿಂದ ಬಂದ ೯೩೯ ಪೌಂಡು ೧೬ ಷಿಲಿಂಗುಗಳ ಮೇಲೆ ಆದಾಯ ತೆರಿಗೆ ಸಲ್ಲಬೇಕೆಂದು ಸರ್ಕಾರ ವಾದಿಸಿತು. ಅದು ಮೆಚ್ಚಿಕೆಯ ಕಾಣಿಕೆ, ದುಡಿಮೆಯ ಪ್ರತಿಫಲವಲ್ಲ. ಆದ್ದರಿಂದ ತೆರಿಗೆಯಿಲ್ಲ ಎಂದು ೧೯೨೭ರಲ್ಲಿ ಹೌಸ್ ಆಫ್ ಲಾರ್ಡ್ಸ್ ತೀರ್ಪು ನೀಡಿತು. ಆಟಗಾರರು ಸಂತೋಷಪಟ್ಟಿರಬೇಕು. ಆದರೂ ಆ ತೀರ್ಪಿಗೆ ಇನ್ನೊಂದು ಮುಖವಿದೆಯಲ್ಲವೆ? ಕಾಣಿಕೆಯನ್ನು ಪಡೆಯಬಹುದು, ಕೊಡಿರೆಂದು ಕೇಳುವ ಅಧಿಕಾರವಿಲ್ಲ. ಸಹಾಯಾರ್ಥ ಪಂದ್ಯದ ಸೊಗಸೂ ಸಂಕಟವೂ ಈ ಒಂದು ಮಾತಿನಲ್ಲಿ ಅಡಗಿವೆ.

ಈ ಸಂಕಟವನ್ನು ಅತ್ಯಂತ ತೀವ್ರವಾಗಿ ತೋರಿಸುವ ಕಥೆ ಮಾತ್ರ ಕ್ರಿಕೆಟ್ಟಿನದಲ್ಲ, ಅಮೆರಿಕದ ಬ್ಯಾಸ್ಕೆಟ್‌ಬಾಲಿನದು. ಅದರ ನಾಯಕರು ಇಬ್ಬರು, ಮಾರಿಸ್ ಸ್ಟೋಕ್ಸ್ ಮತ್ತು ಜ್ಯಾಕ್ ಟ್ವೈಮನ್. ಒಬ್ಬ ೧೯೩೩ರಲ್ಲಿ, ಇನ್ನೊಬ್ಬ ೧೯೩೪ರಲ್ಲಿ ಹುಟ್ಟಿದವರು. ಇಬ್ಬರೂ ಬೆಳೆದದ್ದು ಉಕ್ಕಿನ ಕಾರ್ಖಾನೆಗಳ ಪಿಟ್ಸ್‌ಬರ್ಗ್ ನಗರದಲ್ಲಿ. ಇಬ್ಬರೂ ೧೯೫೫ರಲ್ಲಿ ರಾಯಲ್ಸ್ ಎಂಬ ಒಂದೇ ತಂಡವನ್ನು ಸೇರಿದರು. ಸ್ಟೋಕ್ಸ್ ಕರಿಯ, ಟ್ವೈಮನ್ ಬಿಳಿಯ. ಅವರು ತಂಡ ಸೇರಿದ ಆ ೧೯೫೫ರ ಡಿಸೆಂಬರಿನಲ್ಲಿಯೇ, ಮಾಂಟ್‌ಗಮರಿ ನಗರದ ಬಸ್ಸಿನಲ್ಲಿ ರೋಸಾ ಪಾರ್ಕ್ಸ್ ಎಂಬ ಹೆಣ್ಣುಮಗಳು ಬಿಳಿಯನಿಗೆ ಆಸನ ಬಿಟ್ಟುಕೊಡಲೊಪ್ಪದೆ ಬಂಧನಕ್ಕೊಳಗಾದದ್ದು. ಅಮೆರಿಕದ ವರ್ಣಭೇದ ಎಂಥದೆಂಬುದನ್ನು ಇದಕ್ಕಿಂತ ಹೆಚ್ಚು ವಿವರಿಸಬೇಕಾಗಿಲ್ಲ.

ಸ್ಟೋಕ್ಸ್ ಆರಡಿ ಏಳಂಗುಲದ ಆಜಾನುಬಾಹು. ಅಂಥ ದೇಹದಲ್ಲಿ ಅಷ್ಟೊಂದು ಚುರುಕು ಇರಬಹುದೆಂದು ಜನ ಅದುವರೆಗೆ ಕಂಡಿರಲಿಲ್ಲ. ಮೊದಲ ವರ್ಷವೇ ಹೊಸ ಆಟಗಾರರಲ್ಲಿ ಶ್ರೇಷ್ಠನೆಂಬ ಪ್ರಶಸ್ತಿ ಅವನದಾಯಿತು. ಗುರಿ ತಪ್ಪಿ ಮರಳಿ ಪುಟಿದ ಚೆಂಡನ್ನು ಹಿಡಿಯುವ ಕಲೆಯಲ್ಲಿ, ಅಂದರೆ ರಿಬೌಂಡಿನಲ್ಲಿ, ಎರಡನೆಯ ವರ್ಷ ೧,೨೫೬ರ ಲೆಕ್ಕ ಮುಟ್ಟಿ ಆ ಕಾಲದ ದಾಖಲೆಯನ್ನು ಸ್ಥಾಪಿಸಿದ. ೧೯೫೭ರಲ್ಲಿ ತಂಡ ರಾಚೆಸ್ಟರಿನಿಂದ ಒಹಾಯೊ ನದಿಯ ದಡದ ಸಿನ್‌ಸಿನಾಟಿಗೆ ನೆಲೆ ಬದಲಿಸಿತು.

೧೯೫೮ರ ಮಾರ್ಚ್ ೧೨ರಂದು, ಋತುವಿನ ಕೊನೆಯ ಲೀಗ್ ಪಂದ್ಯ ಮಿನಿಯಾಪೊಲಿಸಿನಲ್ಲಿ ನಡೆಯುತ್ತಿತ್ತು. ಬುಟ್ಟಿಯತ್ತ ನುಗ್ಗಿದ ಸ್ಟೋಕ್ಸ್ ಘರ್ಷಣೆಗೆ ಸಿಕ್ಕಿ ಬಿದ್ದ. ತಲೆ ನೆಲಕ್ಕೆ ಅಪ್ಪಳಿಸಿತು. ಮೂರ್ಛೆ ತಿಳಿದೆದ್ದವನನ್ನು ಮತ್ತೆ ಆಟಕ್ಕೆ ಇಳಿಸಿದರು. ತಲೆಯ ಪೆಟ್ಟನ್ನು ಇಂದು ನಾವು ನೋಡುವ ಕಣ್ಣಿನಿಂದ ಅಂದು ಯಾರೂ ನೋಡುತ್ತಿರಲಿಲ್ಲ. ಮೂರು ದಿನಗಳ ಮೇಲೆ ಡೆಟ್ರಾಯಿಟಿನಲ್ಲಿ ಅವನು ಇನ್ನೊಂದು ಪಂದ್ಯವಾಡಿದ. ಅಂದು ರಾತ್ರಿ ಮರಳುವ ವಿಮಾನದಲ್ಲಿ ಕಾಯಿಲೆ ಉಲ್ಬಣಿಸಿ ಸೆಳವು ಬಂದು ಪ್ರಜ್ಞೆ ತಪ್ಪಿತು. ವಾರಗಳ ಅನಂತರ ಎಚ್ಚರವಾದಾಗ ದೇಹ ಕೈಬಿಟ್ಟಿತ್ತು, ಮಾತು ನಿಂತಿತ್ತು. ಬುದ್ಧಿ ಮಾತ್ರ ಸ್ಫುಟವಾಗಿಯೇ ಇತ್ತು. ಇಪ್ಪತ್ತನಾಲ್ಕು ವರ್ಷದ ಪ್ರಾಯ!

ಆ ದಿನಗಳ ಆಟಗಾರನಿಗೆ ಇಂದಿನಂತೆ ಕೋಟಿಗಳ ಸಂಪಾದನೆಯಿರಲಿಲ್ಲ, ಇಂಥ ಆಪತ್ತಿಗೆ ವಿಮೆಯಿರಲಿಲ್ಲ, ನಿವೃತ್ತಿವೇತನವೂ ಇರಲಿಲ್ಲ. ಆಸ್ಪತ್ರೆಯ ವೆಚ್ಚ ವರ್ಷಕ್ಕೆ ಒಂದು ಲಕ್ಷ ಡಾಲರುಗಳ ಹತ್ತಿರ ಹೋಗುತ್ತಿತ್ತು. ಸ್ಟೋಕ್ಸ್‌ನ ತಾಯಿತಂದೆಗಳು ದೂರದ ಪಿಟ್ಸ್‌ಬರ್ಗಿನಲ್ಲಿದ್ದರು. ಬ್ಯಾಂಕಿನಲ್ಲಿದ್ದ ಅವನ ಅಲ್ಪಸ್ವಲ್ಪ ಹಣವನ್ನು ತೆಗೆಯಬೇಕಾದರೂ ಅವನ ಸಹಿ ಬೇಕು. ಸಹಿ ಹಾಕುವ ಕೈ ಅಲುಗದು. ಋತು ಮುಗಿದೊಡನೆ ಆಟಗಾರರು ತಂತಮ್ಮ ಊರುಗಳಿಗೆ ಚದುರಿದರು. ವರ್ಷವಿಡೀ ಸಿನ್‌ಸಿನಾಟಿಯಲ್ಲಿ ವಾಸವಾಗಿದ್ದ ಟ್ವೈಮನ್, ಇಪ್ಪತ್ತಮೂರರ ಗೃಹಸ್ಥ, ನ್ಯಾಯಾಲಯಕ್ಕೆ ಹೋಗಿ ಸ್ಟೋಕ್ಸ್‌ನ ಕಾನೂನುರೀತ್ಯಾ ಪಾಲಕನಾದ. ಅವರಿಬ್ಬರು ಪ್ರಾಣಸ್ನೇಹಿತರೇನೂ ಆಗಿರಲಿಲ್ಲ. ಒಂದೇ ತಂಡದ ಜೊತೆಯಾಟಗಾರರು, ಅಷ್ಟೆ. ಈ ಅಂಶವೇ ನನಗೆ ಮುಖ್ಯವೆಂದು ತೋರುತ್ತದೆ. ಸ್ನೇಹ ಮಾಡಿಸುವ ಕೆಲಸವನ್ನು ಇಲ್ಲಿ ಕರ್ತವ್ಯ ಮಾಡಿಸಿತು. ಸ್ನೇಹ ಆಮೇಲೆ ಬೆಳೆಯಿತು.

ಪಾಲಕನಾದವನು ಹಿಡಿದ ದಾರಿಗಳು ಎರಡು. ಮೊದಲನೆಯದು ಸಹಾಯಾರ್ಥ ಪಂದ್ಯದ ದಾರಿ. ನ್ಯೂಯಾರ್ಕ್ ರಾಜ್ಯದ ಕ್ಯಾಟ್ಸ್‌ಕಿಲ್ ಬೆಟ್ಟಗಳ ಮಾಂಟಿಸೆಲೊ ಎಂಬ ಊರಿನಲ್ಲಿ ಮಿಲ್ಟನ್ ಕುಟ್ಷರ್ ಎಂಬಾತನ ಬೇಸಗೆಯ ವಿಹಾರಧಾಮವಿತ್ತು. ಬೇರೆ ಕಡೆಗಳಲ್ಲಿ ಪ್ರವೇಶ ದೊರೆಯದ ಯಹೂದ್ಯರು ತಮಗಾಗಿ ಕಟ್ಟಿಕೊಂಡ ವಿಹಾರಧಾಮಗಳ ಸೀಮೆ ಅದು. ೧೯೫೦ರ ದಶಕದ ಕೊನೆಯಿಂದ ಪ್ರತಿ ಬೇಸಗೆಯಲ್ಲೂ ದೇಶದ ಹೆಸರಾಂತ ಆಟಗಾರರು ಅಲ್ಲಿಗೆ ಬಂದು, ಸಂಭಾವನೆ ಬಯಸದೆ, ಸ್ಟೋಕ್ಸ್‌ನಿಗಾಗಿ ಆಡಿದರು. ಹುಡುಗನಾಗಿದ್ದಾಗ ಅದೇ ಹೋಟೆಲಿನಲ್ಲಿ ಅತಿಥಿಗಳ ಪೆಟ್ಟಿಗೆ ಹೊತ್ತಿದ್ದ ವಿಲ್ಟ್ ಚೇಂಬರ್‌ಲೇನ್, ಮುಂದೆ ಆಟದ ದೈತ್ಯನೆನಿಸಿಕೊಂಡ ಮೇಲೆ, ಈ ಪಂದ್ಯಕ್ಕೆ ಮತ್ತೆ ಮತ್ತೆ ಬಂದ. ಋತುವಿಡೀ ಒಬ್ಬರನ್ನೊಬ್ಬರು ಸೋಲಿಸಲು ಹೆಣಗುವವರೆಲ್ಲ ಆ ದಿನ ಒಂದೇ ಕಡೆಯವರಾಗಿದ್ದರು.

ಎರಡನೆಯ ದಾರಿ ಕಾನೂನಿನದು. ಇದನ್ನು ಹೊಗಳುವವರು ಕಡಮೆ. ಆದರೆ ಟ್ವೈಮನ್‌ನ ನಿಜವಾದ ದೂರದೃಷ್ಟಿ ಇದರಲ್ಲಿದೆ. ಕಾರ್ಖಾನೆಯಲ್ಲಿ ಯಂತ್ರಕ್ಕೆ ಕೈ ಕೊಟ್ಟ ಕೂಲಿಕಾರನಿಗೆ ಪರಿಹಾರ ಸಲ್ಲುವುದಾದರೆ, ಕೆಲಸದ ಮೇಲಿರುವಾಗ ತಲೆಗೆ ಪೆಟ್ಟು ತಿಂದ ಆಟಗಾರನಿಗೆ ಏಕೆ ಸಲ್ಲಬಾರದು? ಆಟ ಅವನಿಗೆ ವಿನೋದವಲ್ಲ, ಜೀವನೋಪಾಯ. ಈ ವಾದವನ್ನು ಹಿಡಿದು ಟ್ವೈಮನ್ ಹೋರಾಡಿ, ಕೆಲಸಗಾರರಿಗೆ ಸಲ್ಲುವ ಪರಿಹಾರಧನವನ್ನು ಸ್ಟೋಕ್ಸ್‌ಗೆ ದೊರಕಿಸಿದ. ಪಂದ್ಯದಿಂದ ಬಂದದ್ದು ಲೋಕದ ದಯೆ. ಪರಿಹಾರದಿಂದ ಬಂದದ್ದು ದುಡಿದವನ ಹಕ್ಕು. ಸೀಮೂರ್‌ನ ಮೊಕದ್ದಮೆಯಲ್ಲಿ ಒಂದರಿಂದೊಂದು ಬೇರೆಯಾಗಿ ನಿಂತ ಕಾಣಿಕೆ ಮತ್ತು ಪ್ರತಿಫಲಗಳು ಇಲ್ಲಿ ಒಬ್ಬನೇ ರೋಗಿಯ ಹಾಸಿಗೆಯ ಎರಡು ಬದಿಗಳಲ್ಲಿ ನಿಂತವು.

ಆಸ್ಪತ್ರೆಯಲ್ಲಿ ಟ್ವೈಮನ್ ಅಕ್ಷರಮಾಲೆಯನ್ನು ಒಂದೊಂದಾಗಿ ಹೇಳುತ್ತಾ ಹೋಗುವನು. ಬೇಕಾದ ಅಕ್ಷರ ಬಂದಾಗ ಸ್ಟೋಕ್ಸ್ ರೆಪ್ಪೆ ಮಿಟುಕಿಸುವನು. ಹೀಗೆ ಅಕ್ಷರಕ್ಕೆ ಅಕ್ಷರ ಕೂಡಿಸಿ ಮಾತು ಕಟ್ಟಿದರು. ವರ್ಷಗಳ ಚಿಕಿತ್ಸೆಯ ಫಲವಾಗಿ ಸ್ಟೋಕ್ಸ್ ಬಹು ಪ್ರಯಾಸದಿಂದ ಟೈಪು ಮಾಡುವುದನ್ನೂ ಚಿತ್ರ ಬರೆಯುವುದನ್ನೂ ಕಲಿತ. ಅವನು ಮೊದಲು ಟೈಪು ಮಾಡಿದ್ದು ಟ್ವೈಮನ್‌ಗೆ ಕೃತಜ್ಞತೆಯ ಮಾತೆಂದು ಹೇಳುತ್ತಾರೆ. ಟ್ವೈಮನ್‌ನ ಆಟವೇನೂ ಈ ಹೊಣೆಯಿಂದ ಕುಗ್ಗಲಿಲ್ಲ. ೧೯೫೯-೬೦ರ ಋತುವಿನಲ್ಲಿ ಪಂದ್ಯಕ್ಕೆ ಸರಾಸರಿ ೩೦ ಅಂಕಗಳ ಗಡಿಯನ್ನು ಮೊಟ್ಟಮೊದಲು ದಾಟಿದ ಇಬ್ಬರಲ್ಲಿ ಅವನೊಬ್ಬ, ಇನ್ನೊಬ್ಬ ಚೇಂಬರ್‌ಲೇನ್.

ದಯೆಯನ್ನೇ ನಂಬಿ ಕೂರಲಾಗದೆಂಬ ಅರಿವು ಆಟಗಾರರಲ್ಲಿ ಬೆಳೆಯುತ್ತಿತ್ತು. ೧೯೬೪ರ ಜನವರಿಯಲ್ಲಿ ಬಾಸ್ಟನ್ನಿನಲ್ಲಿ ಲೀಗಿನ ತಾರೆಗಳ ಪಂದ್ಯ ಟೆಲಿವಿಷನ್ನಿನಲ್ಲಿ ಪ್ರಸಾರವಾಗಬೇಕಿತ್ತು. ನಿವೃತ್ತಿವೇತನದ ಭರವಸೆ ಸಿಕ್ಕುವವರೆಗೆ ಅಂಗಣಕ್ಕೆ ಇಳಿಯುವುದಿಲ್ಲವೆಂದು ಆಟಗಾರರು ಕೋಣೆಯಲ್ಲೇ ಕುಳಿತರು. ಮಾಲೀಕರು ಗುಡುಗಿದರು, ಕ್ಯಾಮೆರಾಗಳು ಕಾದವು, ಕೊನೆಗೆ ಆಯುಕ್ತ ವಾಲ್ಟರ್ ಕೆನಡಿ ಮಾತು ಕೊಟ್ಟ ಮೇಲೆಯೇ ಆಟ ಆರಂಭವಾಯಿತು. ಅದು ಸ್ಟೋಕ್ಸ್ ಒಬ್ಬನ ಕಾರಣದಿಂದ ನಡೆದದ್ದೆಂದು ಹೇಳಿದರೆ ಅತಿಶಯೋಕ್ತಿಯಾದೀತು. ಆದರೆ ಆಟ ನಿಂತ ಮೇಲೆ ಆಟಗಾರನ ಗತಿಯೇನು ಎಂಬುದಕ್ಕೆ ಅವನಿಗಿಂತ ದೊಡ್ಡ ನಿದರ್ಶನ ಅಂದು ಬೇರೊಂದಿರಲಿಲ್ಲ.

ಸ್ಟೋಕ್ಸ್ ೧೯೭೦ರ ಏಪ್ರಿಲ್ ೬ರಂದು ಹೃದಯಾಘಾತದಿಂದ ತೀರಿಕೊಂಡ, ವಯಸ್ಸು ಮೂವತ್ತಾರು. ಅವನ ಇಚ್ಛೆಯಂತೆ, ಅವನು ಓದಿದ ಸೇಂಟ್ ಫ್ರಾನ್ಸಿಸ್ ಕಾಲೇಜಿನ ಲೊರೆಟೊ ಎಂಬ ಊರಿನಲ್ಲಿಯೇ ಮಣ್ಣು ಮಾಡಿದರು. ಹನ್ನೆರಡು ವರ್ಷ ಟ್ವೈಮನ್ ಅವನ ಕೈಬಿಡಲಿಲ್ಲ. ೨೦೦೪ರಲ್ಲಿ ಸ್ಟೋಕ್ಸ್‌ನ ಹೆಸರು ಬ್ಯಾಸ್ಕೆಟ್‌ಬಾಲಿನ ಕೀರ್ತಿಮಂದಿರ ಸೇರಿದಾಗ, ಅವನ ಪರವಾಗಿ ಗೌರವ ಸ್ವೀಕರಿಸಿದವನು ಅದೇ ಟ್ವೈಮನ್. ೨೦೧೨ರಲ್ಲಿ ಅವನೂ ಕಾಲವಾದ. ಉತ್ತಮ ಜೊತೆಯಾಟಗಾರನಿಗೆಂದು ಲೀಗು ಆ ಬಳಿಕ ಸ್ಥಾಪಿಸಿದ ಪ್ರಶಸ್ತಿಗೆ ಇಬ್ಬರ ಹೆಸರನ್ನೂ ಜೋಡಿಸಿ ಇಟ್ಟಿದೆ.

ಇಲ್ಲಿಗೆ ಕಥೆ ಮುಗಿಯಿತೆನ್ನುವಂತಿಲ್ಲ. ಸ್ಟೋಕ್ಸ್ ಸತ್ತ ಮೇಲೂ ಬೆಟ್ಟದ ಮೇಲಿನ ಆ ವಾರ್ಷಿಕ ಪಂದ್ಯ ನಿಲ್ಲಲಿಲ್ಲ. ಕಷ್ಟಕ್ಕೆ ಸಿಕ್ಕಿದ ಹಳೆಯ ಆಟಗಾರರಿಗಾಗಿ ಅದು ಮುಂದುವರಿಯಿತು. ಮುಂದೆ ಗಾಲ್ಫ್ ಕೂಟವಾಗಿ ರೂಪ ಬದಲಿಸಿತು. ಒಬ್ಬನಿಗಾಗಿ ಹೊತ್ತಿಸಿದ ದೀಪದ ಬೆಳಕು ಅಪರಿಚಿತರ ಅಂಗಳಕ್ಕೂ ಬಿತ್ತು.

ನಮ್ಮ ದೇಶದಲ್ಲಿಯೂ ಇದಕ್ಕೆ ಹತ್ತಿರದ ಒಂದು ಉದಾಹರಣೆಯಿದೆ. ೧೯೬೨ರ ಮಾರ್ಚಿನಲ್ಲಿ ಬಾರ್ಬಡೋಸಿನಲ್ಲಿ ಚಾರ್ಲಿ ಗ್ರಿಫಿತ್‌ನ ಚೆಂಡು ಭಾರತದ ನಾಯಕ ನಾರಿ ಕಂಟ್ರಾಕ್ಟರರ ತಲೆಗೆ ಬಡಿದು ಅವರ ಜೀವವೇ ಅಪಾಯದಲ್ಲಿದ್ದಾಗ, ರಕ್ತ ಕೊಡಲು ಮುಂದಾದವರಲ್ಲಿ ಎದುರಾಳಿ ತಂಡದ ನಾಯಕ ಫ್ರ್ಯಾಂಕ್ ವೊರೆಲ್ ಒಬ್ಬರು. ಕಂಟ್ರಾಕ್ಟರ್ ಬದುಕಿದರು, ಆದರೆ ಮತ್ತೆ ಟೆಸ್ಟ್ ಆಡಲಿಲ್ಲ. ಆ ಉಪಕಾರದ ಸ್ಮರಣೆಗಾಗಿ ಬಂಗಾಳದ ಕ್ರಿಕೆಟ್ ಸಂಸ್ಥೆ ೧೯೮೧ರ ಫೆಬ್ರವರಿ ೩ರಂದು ವೊರೆಲ್ ಹೆಸರಿನಲ್ಲಿ ರಕ್ತದಾನದ ದಿನವನ್ನು ಆರಂಭಿಸಿತು. ಕೆರಿಬಿಯನ್ ದ್ವೀಪದ ಒಬ್ಬಾತನ ರಕ್ತದ ನೆನಪು ಕಲ್ಕತ್ತೆಯ ಯಾವನೋ ರೋಗಿಗೆ ಆಸರೆಯಾಯಿತು.

ದಾನ ದೊಡ್ಡದೋ ಹಕ್ಕು ದೊಡ್ಡದೋ ಎಂಬ ಚರ್ಚೆಯನ್ನು ಹೂಡುವುದು ಸುಲಭ. ಹಕ್ಕು ಇಲ್ಲದ ಕಡೆ ದಾನ ಅದೃಷ್ಟದ ಆಟವಾಗುತ್ತದೆ. ಟ್ರಾಟ್ ಮತ್ತು ಬ್ಯೂಸ್ ಅದಕ್ಕೆ ಸಾಕ್ಷಿ. ಆದರೆ ಅಕ್ಷರಮಾಲೆಯನ್ನು ಹೇಳುತ್ತಾ ರೆಪ್ಪೆ ಮಿಟುಕುವುದನ್ನು ಕಾದು ಕುಳಿತುಕೊಳ್ಳಿರೆಂದು ಯಾವ ಕಾನೂನೂ ಯಾರಿಗೂ ಆಜ್ಞೆ ಮಾಡಲಾರದು. ಅದಕ್ಕೆ ನಮ್ಮ ಹಿರಿಯರು ಬಳಸುತ್ತಿದ್ದ ಬೇರೊಂದು ಮಾತಿದೆ: ಋಣ. ಒಂದೇ ಚೆಂಡನ್ನು ಕೈಯಿಂದ ಕೈಗೆ ದಾಟಿಸಿಕೊಂಡವರ ನಡುವೆಯೂ ಅದು ಹುಟ್ಟುತ್ತದೆ. ಟ್ವೈಮನ್ ತನ್ನ ಪಾಲಿನ ಋಣವನ್ನು ಸಲ್ಲಿಸಿದ; ಸಲ್ಲಿಸುತ್ತಲೇ, ಮುಂದೆ ಬೀಳುವವನು ಇನ್ನೊಬ್ಬರ ದಯೆಯೊಂದನ್ನೇ ನೆಚ್ಚಿ ಮಲಗಬೇಕಾಗದಂತೆ ಹಕ್ಕಿನ ಬಾಗಿಲನ್ನೂ ತಟ್ಟಿದ.