ಶಾಲೆಯ ಬಾಗಿಲು ಮತ್ತು 'ತರಲೆ' ಮಗು: ವರ್ತನಾ ತಜ್ಞರು ಹುಟ್ಟಿಕೊಂಡ ಚರಿತ್ರೆ

1971ರ ಮಾರ್ಚ್ 23ರಂದು ಅಮೆರಿಕದ ರಾಜಧಾನಿ ವಾಷಿಂಗ್ಟನ್‌ನ ಒಂದು ಸರ್ಕಾರಿ ಪ್ರಾಥಮಿಕ ಶಾಲೆಯಿಂದ ನಾಲ್ಕನೇ ತರಗತಿಯ ಹುಡುಗನೊಬ್ಬನನ್ನು ಹೊರಗೆ ಹಾಕಲಾಯಿತು. ಹೆಸರು ಪೀಟರ್ ಮಿಲ್ಸ್. ಕಪ್ಪು ಜನಾಂಗದ ಹುಡುಗ, ಸರ್ಕಾರದ ಆಶ್ರಯದಲ್ಲಿ ಬೆಳೆಯುತ್ತಿದ್ದವನು. ಅವನನ್ನು ಹೊರಹಾಕಲು ಕೊಟ್ಟ ಕಾರಣ ಇಷ್ಟೇ: ಇವನ 'ವರ್ತನೆ ಸಮಸ್ಯೆಯದು'. ಮುಖ್ಯೋಪಾಧ್ಯಾಯರು ಒಪ್ಪಿಗೆ ಕೊಟ್ಟರು, ಬಾಗಿಲು ಮುಚ್ಚಿತು.

ಈ ಮಾತು ನಿಮಗೆ ಹೊಸದೇನಲ್ಲ. 'ಇವನು ತುಂಬಾ ತರಲೆ, ಬೇರೆ ಶಾಲೆ ನೋಡಿಕೊಳ್ಳಿ' ಅಂತ ನಮ್ಮ ಕಡೆಯೂ ಹೇಳ್ತಾರೆ. ಮುಂಬೈಯಲ್ಲೂ ಹೇಳ್ತಾರೆ, ಹೈದರಾಬಾದಿನಲ್ಲೂ ಹೇಳ್ತಾರೆ. ತಂದೆತಾಯಿ ತಲೆ ತಗ್ಗಿಸಿಕೊಂಡು ಮಗುವನ್ನು ಕರೆದುಕೊಂಡು ಹೋಗ್ತಾರೆ. ವಾಷಿಂಗ್ಟನ್ನಿನಲ್ಲಿ ಮಾತ್ರ ಆವತ್ತು ತಲೆ ತಗ್ಗಿಸಲಿಲ್ಲ. ಪೀಟರ್ ಸೇರಿದಂತೆ ಏಳು ಮಕ್ಕಳ ಪರವಾಗಿ ಮೊಕದ್ದಮೆ ಹೂಡಲಾಯಿತು. 1972ರ ಆಗಸ್ಟ್ 1ರಂದು ನ್ಯಾಯಾಧೀಶ ಜೋಸೆಫ್ ವಾಡಿ ತೀರ್ಪು ಕೊಟ್ಟರು. ವಿಚಾರಣೆ ಇಲ್ಲದೆ ಮಗುವನ್ನು ಹೊರಹಾಕುವಂತಿಲ್ಲ. ಹಣವಿಲ್ಲ ಎನ್ನುವುದು ನೆಪವಾಗದು. ಇರುವ ಹಣದ ಕೊರತೆಯನ್ನು ಎಲ್ಲ ಮಕ್ಕಳೂ ಹಂಚಿಕೊಳ್ಳಬೇಕೇ ಹೊರತು ಅಂಗವಿಕಲ ಅಥವಾ 'ಸಮಸ್ಯೆಯ' ಮಕ್ಕಳ ತಲೆಯ ಮೇಲೆ ಹೊರಿಸಬಾರದು. ಇದು ತೀರ್ಪಿನ ಸಾರ.

ಇಂದು ಅಮೆರಿಕದ ಅನೇಕ ಸರ್ಕಾರಿ ಶಾಲೆಗಳಲ್ಲಿ 'ಬಿಹೇವಿಯರ್ ಸ್ಪೆಷಲಿಸ್ಟ್' ಎಂಬ ಹುದ್ದೆಯವರು ಇರುತ್ತಾರೆ. ಕನ್ನಡದಲ್ಲಿ ವರ್ತನಾ ತಜ್ಞರು ಎನ್ನೋಣ. ಈ ಹುದ್ದೆ ಹೇಗೆ ಬಂತು ಎಂದು ಹುಡುಕುತ್ತಾ ಹೋದರೆ ಒಂದು ಸಂಗತಿ ಸ್ಪಷ್ಟವಾಗುತ್ತದೆ. ವಿಜ್ಞಾನ ಬೆಳೆಯಿತು, ಆದ್ದರಿಂದ ತಜ್ಞರು ಬಂದರು ಎಂಬುದು ಅರ್ಧ ಸತ್ಯ. ಮಗುವನ್ನು ಹೊರಹಾಕುವ ಬಾಗಿಲನ್ನು ಕಾನೂನು ಮುಚ್ಚಿತು, ಆದ್ದರಿಂದ ಶಾಲೆಗೆ ತಜ್ಞರು ಬೇಕಾದರು ಎಂಬುದು ಉಳಿದ ಅರ್ಧ.

ಮೊದಲು ವಿಜ್ಞಾನದ ಕಡೆಯನ್ನು ನೋಡೋಣ. 1896ರಲ್ಲಿ ಫಿಲಡೆಲ್ಫಿಯಾದಲ್ಲಿ ಒಬ್ಬ ಶಾಲಾ ಶಿಕ್ಷಕಿ, ಕಾಗುಣಿತವೇ ಬಾರದ 14 ವರ್ಷದ ಹುಡುಗನನ್ನು ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಲೈಟ್ನರ್ ವಿಟ್ಮರ್ ಎಂಬ ಮನೋವಿಜ್ಞಾನಿಯ ಬಳಿ ಕರೆತಂದರು. ವಿಟ್ಮರ್ ಪರೀಕ್ಷಿಸಿದಾಗ ಹುಡುಗನ ದೃಷ್ಟಿಯಲ್ಲೇ ದೋಷವಿತ್ತು. ಕನ್ನಡಕ ಕೊಡಿಸಿದರು, ಜೊತೆಗೆ ಪ್ರತ್ಯೇಕ ಪಾಠ ಶುರುವಾಯಿತು. ಜಗತ್ತಿನ ಮೊದಲ ಮನೋವೈಜ್ಞಾನಿಕ ಚಿಕಿತ್ಸಾಲಯ ಆರಂಭವಾದದ್ದು ಹೀಗೆ. ದಡ್ಡ, ಸೋಮಾರಿ ಎಂದು ಬೈಯುವ ಮುನ್ನ ಮಗುವಿಗೆ ಕಣ್ಣು ಕಾಣುತ್ತದೆಯೇ ಎಂದು ನೋಡಬೇಕು. ಇಡೀ ಶಾಸ್ತ್ರದ ಮೊದಲ ಪಾಠ ಇದೇ ಅಂತ ಹೇಳಬಹುದು.

1906ರ ನಂತರ ನ್ಯೂಯಾರ್ಕ್, ಬಾಸ್ಟನ್‌ನಂಥ ನಗರಗಳಲ್ಲಿ ಮನೆಮನೆಗೆ ಹೋಗುವ ಶಿಕ್ಷಕಿಯರು ಬಂದರು. ವಲಸೆ ಬಂದ ಬಡ ಕುಟುಂಬಗಳ ಮಕ್ಕಳು ಯಾಕೆ ಶಾಲೆಗೆ ಬರುವುದಿಲ್ಲ, ಬಂದರೂ ಯಾಕೆ ಗಲಾಟೆ ಮಾಡುತ್ತಾರೆ ಎಂಬುದನ್ನು ಅವರು ಮನೆಯಲ್ಲೇ ಹೋಗಿ ಕೇಳುತ್ತಿದ್ದರು. 1915ರಲ್ಲಿ ಕನೆಕ್ಟಿಕಟ್ ರಾಜ್ಯ ಅರ್ನಾಲ್ಡ್ ಗೆಸೆಲ್ ಅವರನ್ನು ಶಾಲಾ ಮನೋವಿಜ್ಞಾನಿಯಾಗಿ ನೇಮಿಸಿತು. ಆ ಹೆಸರಿನ ಹುದ್ದೆ ಪಡೆದವರಲ್ಲಿ ಅವರೇ ಮೊದಲಿಗರು.

ಆಮೇಲೆ ಬಂದದ್ದು ಬಿ.ಎಫ್. ಸ್ಕಿನ್ನರ್ ಅವರ ವರ್ತನಾವಾದ. ಯಾವ ನಡವಳಿಕೆಗೆ ಏನು ಸಿಗುತ್ತದೋ ಅದರ ಮೇಲೆ ಆ ನಡವಳಿಕೆ ಬೆಳೆಯುತ್ತದೆ ಅಥವಾ ಬಾಡುತ್ತದೆ ಎಂಬುದು ಅದರ ಮೂಲ ಮಾತು. ಪ್ರಯೋಗಾಲಯದ ಈ ಮಾತನ್ನು 1960ರ ದಶಕದಲ್ಲಿ ತರಗತಿಗೆ ತಂದವರಲ್ಲಿ ಕಾನ್ಸಾಸ್ ವಿಶ್ವವಿದ್ಯಾಲಯದವರು ಮುಖ್ಯರು. 1968ರಲ್ಲಿ ಆನ್ವಯಿಕ ವರ್ತನಾ ವಿಶ್ಲೇಷಣೆಗೆಂದೇ ಒಂದು ಪತ್ರಿಕೆ ಹೊರಟಿತು. ಅದರ ಮೊದಲ ಸಂಪುಟದಲ್ಲೇ ವ್ಯಾನ್ಸ್ ಹಾಲ್ ಮತ್ತು ಸಂಗಡಿಗರು, ಬಡವರ ಬಡಾವಣೆಯ ಶಾಲೆಗಳಲ್ಲಿ ನಡೆಸಿದ ಅಧ್ಯಯನವನ್ನು ಪ್ರಕಟಿಸಿದರು.

ಅದರಲ್ಲಿ ಒಬ್ಬ ಹುಡುಗ ತರಗತಿಯ ಸಮಯದಲ್ಲಿ ಕಾಲುಭಾಗದಷ್ಟು ಮಾತ್ರ ಓದಿನಲ್ಲಿ ತೊಡಗುತ್ತಿದ್ದ. ಉಳಿದ ಹೊತ್ತು ರಬ್ಬರ್ ಬ್ಯಾಂಡ್ ಎಳೆಯುವುದು, ಜೇಬಿನಲ್ಲಿದ್ದ ಆಟಿಕೆ ತೆಗೆಯುವುದು, ಪಕ್ಕದವರ ಜೊತೆ ಹರಟುವುದು. ಗಮನಿಸಿದಾಗ ತಿಳಿದದ್ದೇನೆಂದರೆ, ಅವನು ಆಟವಾಡುತ್ತಿದ್ದಾಗಲೇ ಶಿಕ್ಷಕಿ ಅವನ ಕಡೆ ಹೆಚ್ಚು ತಿರುಗುತ್ತಿದ್ದರು: 'ಕೂತ್ಕೋ', 'ಅದನ್ನು ಒಳಗಿಡು', 'ಬರಿ'. ಸಂಶೋಧಕರು ಕ್ರಮವನ್ನು ತಿರುಗಿಸಿದರು. ಓದುತ್ತಿರುವಾಗ ಹತ್ತಿರ ಹೋಗಿ ಒಂದು ಒಳ್ಳೆಯ ಮಾತು ಹೇಳಿ, ಆಟವಾಡುವಾಗ ಸುಮ್ಮನಿರಿ. ಓದಿನ ಹೊತ್ತು ಮುಕ್ಕಾಲು ಭಾಗದ ಹತ್ತಿರಕ್ಕೆ ಏರಿತು. ಹುಡುಗ ಬದಲಾಗುವ ಮೊದಲು ಬದಲಾದದ್ದು ದೊಡ್ಡವರ ನಡವಳಿಕೆ.

ಆದರೆ ಈ ಚರಿತ್ರೆಯಲ್ಲಿ ಕತ್ತಲೆಯ ಪುಟವೂ ಇದೆ, ಅದನ್ನು ಮುಚ್ಚಿಡುವುದು ಸರಿಯಲ್ಲ. ಅದೇ ಕಾಲದಲ್ಲಿ ಲಾಸ್ ಏಂಜಲೀಸ್‌ನ ಐವರ್ ಲೊವಾಸ್ ಎಂಬ ಸಂಶೋಧಕ ಆಟಿಸಂ ಇರುವ ಮಕ್ಕಳ ಮೇಲೆ ಏಟು ಮತ್ತು ವಿದ್ಯುತ್ ಶಾಕ್ ಕೂಡ ಬಳಸಿದರು. 1965ರಲ್ಲಿ 'ಲೈಫ್' ಪತ್ರಿಕೆ ಅದನ್ನು ಚಿತ್ರಸಮೇತ ಪ್ರಕಟಿಸಿತ್ತು. ಹಾಗೆ ತರಬೇತಿ ಎಂದರೆ ಮಗುವನ್ನು ಹೇಗಾದರೂ ಬಗ್ಗಿಸುವುದೇ ಎಂಬ ಪ್ರಶ್ನೆಯನ್ನು ಇಂದು ಆಟಿಸಂ ಇರುವ ವಯಸ್ಕರೇ ಎತ್ತುತ್ತಿದ್ದಾರೆ. ಆ ಪ್ರಶ್ನೆ ನ್ಯಾಯವಾದದ್ದು.

ತಿರುವು ಬಂದದ್ದು 1980ರ ದಶಕದಲ್ಲಿ. 1982ರಲ್ಲಿ ಬ್ರಯನ್ ಇವಾಟಾ ಮತ್ತು ಸಂಗಡಿಗರು ಸಮಸ್ಯೆಯ ವರ್ತನೆಗೆ ಕಾರಣ ಹುಡುಕುವ ಕ್ರಮಬದ್ಧ ವಿಧಾನವನ್ನು ಕೊಟ್ಟರು. 1985ರಲ್ಲಿ ಎಡ್ವರ್ಡ್ ಕಾರ್ ಮತ್ತು ಮಾರ್ಕ್ ಡುರಾಂಡ್ ಒಂದು ಹೆಜ್ಜೆ ಮುಂದೆ ಹೋದರು. ಕೂಗಾಟ, ಹೊಡೆದಾಟಗಳು ಮಗುವಿನ ಭಾಷೆಯಾಗಿರಬಹುದು. 'ಈ ಪಾಠ ನನಗೆ ಕಷ್ಟ, ಸಹಾಯ ಮಾಡಿ' ಎಂದು ಹೇಳುವ ದಾರಿಯನ್ನು ಕಲಿಸಿದರೆ ಕೂಗಾಟ ತಾನಾಗಿ ಕಡಿಮೆಯಾಗುತ್ತದೆ ಎಂದು ತೋರಿಸಿದರು. 'ಈ ಮಗುವನ್ನು ಹೇಗೆ ನಿಲ್ಲಿಸುವುದು' ಎಂಬ ಪ್ರಶ್ನೆ ಹೋಗಿ 'ಈ ಮಗು ಏನು ಹೇಳುತ್ತಿದೆ' ಎಂಬ ಪ್ರಶ್ನೆ ಬಂತು.

ಇನ್ನು ಕಾನೂನಿನ ಕಡೆ. ಮಿಲ್ಸ್ ಪ್ರಕರಣದಂಥ ತೀರ್ಪುಗಳ ಬಳಿಕ ಅಮೆರಿಕದ ಸಂಸತ್ತು ಲೆಕ್ಕ ಹಾಕಿತು. ದೇಶದಲ್ಲಿ 80 ಲಕ್ಷಕ್ಕೂ ಹೆಚ್ಚು ಅಂಗವಿಕಲ ಮಕ್ಕಳಿದ್ದರು. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ತಕ್ಕ ಶಿಕ್ಷಣವಿರಲಿಲ್ಲ. 10 ಲಕ್ಷ ಮಕ್ಕಳು ಸರ್ಕಾರಿ ಶಾಲೆಯಿಂದ ಪೂರ್ತಿ ಹೊರಗಿದ್ದರು. 1975ರ ನವೆಂಬರ್ 29ರಂದು ಅಧ್ಯಕ್ಷ ಜೆರಾಲ್ಡ್ ಫೋರ್ಡ್ ಸಹಿ ಹಾಕಿದ ಕಾನೂನು, ಎಲ್ಲ ಅಂಗವಿಕಲ ಮಕ್ಕಳಿಗೂ ಉಚಿತವಾದ, ತಕ್ಕ ಶಿಕ್ಷಣ ಕೊಡಬೇಕೆಂದಿತು.

ಆದರೂ ಹಿತ್ತಲ ಬಾಗಿಲು ತೆರೆದೇ ಇತ್ತು. 'ಸೇರಿಸಿಕೊಂಡಿದ್ದೇವೆ, ಆದರೆ ಗಲಾಟೆ ಮಾಡಿದ, ಅದಕ್ಕೆ ಅಮಾನತು ಮಾಡಿದ್ದೇವೆ' ಎನ್ನಬಹುದಿತ್ತಲ್ಲ? 1988ರಲ್ಲಿ ಹೋನಿಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅದನ್ನೂ ತಡೆಯಿತು. ಅಂಗವೈಕಲ್ಯದಿಂದ ಬಂದ ವರ್ತನೆಗಾಗಿ ಶಾಲೆ ತಾನೊಂದೇ ತೀರ್ಮಾನಿಸಿ ಮಗುವನ್ನು 10 ದಿನಕ್ಕಿಂತ ಹೆಚ್ಚು ಹೊರಗಿಡುವಂತಿಲ್ಲ ಎಂದಿತು. 1997ರ ತಿದ್ದುಪಡಿ ಇನ್ನೂ ಮುಂದೆ ಹೋಯಿತು. ಅಂಥ ಮಗುವನ್ನು ಹೆಚ್ಚು ದಿನ ಹೊರಗಿಡಬೇಕೆಂದರೆ, ವರ್ತನೆಗೆ ಕಾರಣವೇನೆಂದು ಶಾಲೆ ಪರಿಶೀಲಿಸಬೇಕು, ಅದಕ್ಕೆ ತಕ್ಕ ಯೋಜನೆ ಬರೆಯಬೇಕು, ಆ ವರ್ತನೆ ಅಂಗವೈಕಲ್ಯದಿಂದಲೇ ಬಂದಿತೇ ಎಂದು ತೀರ್ಮಾನಿಸಬೇಕು.

ಗಮನಿಸಿ, ಕಾನೂನಿನಲ್ಲಿ 'ವರ್ತನಾ ತಜ್ಞ' ಎಂಬ ಹುದ್ದೆಯ ಹೆಸರಿರಲಿಲ್ಲ, ಕೆಲಸ ಮಾತ್ರ ಇತ್ತು. ಕೆಲಸ ಬಂದ ಮೇಲೆ ಅದನ್ನು ಬಲ್ಲವರು ಬೇಕೇ ಬೇಕಲ್ಲ! 1998ರಲ್ಲಿ ವರ್ತನಾ ವಿಶ್ಲೇಷಕರಿಗೆ ಪ್ರಮಾಣಪತ್ರ ಕೊಡುವ ಮಂಡಳಿ ಸ್ಥಾಪನೆಯಾಯಿತು. ಶಾಲಾ ಜಿಲ್ಲೆಗಳು ಇಂಥವರನ್ನು ನೇಮಿಸಿಕೊಳ್ಳತೊಡಗಿದವು.

ಅವರು ಮಾಡುವುದೇನು? ಒಬ್ಬ ಹುಡುಗನನ್ನು ಊಹಿಸಿಕೊಳ್ಳಿ. ಗಟ್ಟಿಯಾಗಿ ಓದುವ ಪಾಳಿ ಬಂದಾಗಲೆಲ್ಲ ಪಕ್ಕದವನಿಗೆ ಹೊಡೆಯುತ್ತಾನೆ. ಶಿಕ್ಷಕರು ಹೊರಗೆ ನಿಲ್ಲಿಸುತ್ತಾರೆ. ತಜ್ಞರು ಕೆಲವು ದಿನ ಹಿಂದಿನ ಬೆಂಚಿನಲ್ಲಿ ಕೂತು ಮೂರು ಸಂಗತಿ ಬರೆದುಕೊಳ್ಳುತ್ತಾರೆ: ಮೊದಲು ಏನಾಯಿತು, ಮಗು ಏನು ಮಾಡಿತು, ಆಮೇಲೆ ಏನು ಸಿಕ್ಕಿತು. ಹೊರಗೆ ನಿಲ್ಲಿಸಿದ್ದರಿಂದ ಅವನಿಗೆ ಓದುವುದು ತಪ್ಪಿತು. ಅಂದರೆ ನಾವು ಶಿಕ್ಷೆ ಅಂದುಕೊಂಡದ್ದೇ ಅವನಿಗೆ ಬಿಡುಗಡೆ. ಆಗ ಯೋಜನೆ ಬೇರೆಯಾಗುತ್ತದೆ: ಓದು ಕಲಿಸಲು ಪ್ರತ್ಯೇಕ ಸಹಾಯ, ಎಲ್ಲರ ಮುಂದೆ ಓದಿಸುವ ಬದಲು ಮೊದಲು ಒಬ್ಬರ ಮುಂದೆ ಓದಿಸುವುದು, ಕಷ್ಟವಾದಾಗ ಕೈ ಎತ್ತಿ ಕೇಳಲು ಕಲಿಸುವುದು. ಶಿಕ್ಷಕರಿಗೂ ಮನೆಯವರಿಗೂ ಅದನ್ನೇ ಹೇಳಿಕೊಟ್ಟು, ವಾರವಾರ ಲೆಕ್ಕ ನೋಡುವುದು. ಇಷ್ಟೇ ಕೆಲಸ. ಆದರೆ ಇದಕ್ಕೆ ತಾಳ್ಮೆ ಬೇಕು, ಬಿಡುವಿರುವ ಒಬ್ಬ ಮನುಷ್ಯ ಬೇಕು. ನಲವತ್ತು ಮಕ್ಕಳ ಮುಂದೆ ಒಂಟಿಯಾಗಿ ನಿಂತ ಶಿಕ್ಷಕರಿಗೆ ಇವೆರಡೂ ಸಿಗುವುದು ಕಷ್ಟ.

ತಜ್ಞರು ಬಂದ ಮಾತ್ರಕ್ಕೆ ನ್ಯಾಯ ಬರುವುದಿಲ್ಲ ಎಂಬುದನ್ನೂ ಅಮೆರಿಕ ತೋರಿಸಿದೆ. ಅಲ್ಲಿನ ಸರ್ಕಾರಿ ಲೆಕ್ಕಪರಿಶೋಧನಾ ಸಂಸ್ಥೆಯ 2018ರ ವರದಿಯಂತೆ, 2013-14ರಲ್ಲಿ ಸರ್ಕಾರಿ ಶಾಲೆಗಳ ಮಕ್ಕಳಲ್ಲಿ ಕಪ್ಪು ಜನಾಂಗದವರು ಶೇ. 15.5, ಅಮಾನತಾದವರಲ್ಲಿ ಅವರ ಪಾಲು ಸುಮಾರು ಶೇ. 39. ಯಾವ ಮಗುವಿನ ಗಲಾಟೆ 'ತುಂಟತನ', ಯಾವ ಮಗುವಿನದು 'ಅಪಾಯ' ಎಂದು ನಿರ್ಧರಿಸುವ ಕಣ್ಣಿನಲ್ಲೇ ಪಕ್ಷಪಾತ ಇರಬಹುದು. ಅಲ್ಪಸಂಖ್ಯಾತರಾದ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈಗ ನಮ್ಮ ದೇಶಕ್ಕೆ ಬರೋಣ. 2010ರ ಏಪ್ರಿಲ್ 1ರಂದು ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆಯ 16ನೇ ಕಲಂ ಪ್ರಕಾರ, ಪ್ರಾಥಮಿಕ ಶಿಕ್ಷಣ ಮುಗಿಯುವವರೆಗೆ ಮಗುವನ್ನು ಶಾಲೆಯಿಂದ ಹೊರಹಾಕುವಂತಿಲ್ಲ. 17ನೇ ಕಲಂ ದೈಹಿಕ ಶಿಕ್ಷೆ ಮತ್ತು ಮಾನಸಿಕ ಕಿರುಕುಳ ಎರಡನ್ನೂ ನಿಷೇಧಿಸುತ್ತದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಆಟಿಸಂ, ಕಲಿಕಾ ನ್ಯೂನತೆ ಸೇರಿ 21 ಬಗೆಯ ಅಂಗವೈಕಲ್ಯಗಳನ್ನು ಪಟ್ಟಿ ಮಾಡಿತು. 2021ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟ್, ಇಂಥ 10 ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಒಬ್ಬ ವಿಶೇಷ ಶಿಕ್ಷಕ, ಮೇಲಿನ ಹಂತದಲ್ಲಿ 15 ಮಕ್ಕಳಿಗೆ ಒಬ್ಬ ಎಂಬ ಪ್ರಮಾಣವನ್ನು ಹೇಳಿತು.

ಹಾಗಾದರೆ ಬಾಗಿಲನ್ನು ನಾವೂ ಮುಚ್ಚಿದ್ದೇವೆ, ಕೋಲನ್ನೂ ಕಾಗದದ ಮೇಲೆ ಕಿತ್ತುಕೊಂಡಿದ್ದೇವೆ. ಆದರೆ ಕೋಲಿನ ಜಾಗದಲ್ಲಿ ಏನನ್ನು ಕೊಟ್ಟೆವು? ಮುಂಬೈ ಮಹಾನಗರಪಾಲಿಕೆ ಕನ್ನಡ, ಉರ್ದು ಸೇರಿ ಎಂಟು ಭಾಷೆಗಳಲ್ಲಿ ಶಾಲೆ ನಡೆಸುತ್ತದೆ. ಮನೆಯಲ್ಲಿ ಬ್ಯಾರಿ ಅಥವಾ ದಖನಿ, ಬೀದಿಯಲ್ಲಿ ಹಿಂದಿ, ಶಾಲೆಯಲ್ಲಿ ಮತ್ತೊಂದು ಭಾಷೆ ಕೇಳುವ ಮಗು ಸುಮ್ಮನೆ ಕೂತರೆ 'ಹಠಮಾರಿ', ಎದ್ದು ಓಡಾಡಿದರೆ 'ತರಲೆ' ಅನ್ನಿಸಿಕೊಳ್ಳುವುದು ಸುಲಭ. ಅದು ಭಾಷೆಯ ತೊಡಕೋ, ಕಿವಿಯ ದೋಷವೋ, ಹಸಿವೋ ಎಂದು ಕೂತು ನೋಡುವವರು ಬೇಕು.

ಇನ್ನೊಂದು ಮಾತು ನಮ್ಮೊಳಗಿನದು. 2012ರ ತಿದ್ದುಪಡಿಯಿಂದ ಮದ್ರಸಗಳು ಮತ್ತು ವೇದ ಪಾಠಶಾಲೆಗಳು ಶಿಕ್ಷಣ ಹಕ್ಕು ಕಾಯ್ದೆಯ ಹೊರಗಿವೆ. 2014ರಲ್ಲಿ ಸುಪ್ರೀಂ ಕೋರ್ಟ್ ಅಲ್ಪಸಂಖ್ಯಾತರ ಶಾಲೆಗಳಿಗೂ ಅದು ಅನ್ವಯಿಸದು ಎಂದಿತು. ಸಂಸ್ಥೆ ನಡೆಸುವ ನಮ್ಮ ಹಕ್ಕು ಇದರಿಂದ ಉಳಿಯಿತು, ಸರಿ. ಮಗುವಿನ ಹಕ್ಕನ್ನು ಕಾಯುವವರು ಯಾರು? ಕಾನೂನು ತಲುಪದ ಕಡೆ ಹೊಣೆ ನಮ್ಮದೇ. 1377ರಷ್ಟು ಹಿಂದೆಯೇ ಟ್ಯುನಿಸ್ ಮೂಲದ ಇಬ್ನ್ ಖಲ್ದೂನ್ ತಮ್ಮ 'ಮುಕದ್ದಿಮಾ'ದಲ್ಲಿ ಇದಕ್ಕೆಂದೇ ಒಂದು ಅಧ್ಯಾಯ ಬರೆದರು. ಕಠಿಣ ಶಿಕ್ಷೆಯಲ್ಲಿ ಬೆಳೆದ ಮಗು ಉತ್ಸಾಹ ಕಳೆದುಕೊಳ್ಳುತ್ತದೆ, ಏಟಿಗೆ ಹೆದರಿ ಸುಳ್ಳು ಮತ್ತು ಕಪಟ ಕಲಿಯುತ್ತದೆ ಎಂಬುದು ಅವರ ವಾದ. ವರ್ತನಾ ತಜ್ಞರ ಪಾಠವನ್ನು ವಿದೇಶಿ ಎಂದು ತಳ್ಳಿಹಾಕುವ ಮೊದಲು ಇದನ್ನು ನೆನೆಯಬೇಕು.

ನೀವು ತಂದೆತಾಯಿಯಾಗಿದ್ದರೆ, ದೂರು ಬಂದಾಗ ಮೊದಲು ಮಗುವಿನ ಕಣ್ಣು, ಕಿವಿ ಪರೀಕ್ಷೆ ಮಾಡಿಸಿ. ಯಾವ ಹೊತ್ತಿನಲ್ಲಿ, ಯಾವ ಪಾಠದಲ್ಲಿ, ಏನಾದ ಮೇಲೆ ಗಲಾಟೆಯಾಯಿತು ಎಂದು ಶಿಕ್ಷಕರನ್ನು ಕೇಳಿ, ಬರೆದಿಟ್ಟುಕೊಳ್ಳಿ. 'ಕರೆದುಕೊಂಡು ಹೋಗಿ' ಎಂದರೆ ಅದನ್ನು ಬರವಣಿಗೆಯಲ್ಲಿ ಕೊಡಿ ಅನ್ನಿ. ಸರ್ಕಾರಿ ಶಾಲೆಯ ವ್ಯವಸ್ಥಾಪನಾ ಸಮಿತಿಯಲ್ಲಿ ಮುಕ್ಕಾಲು ಪಾಲು ಸದಸ್ಯರು ಪೋಷಕರೇ ಇರಬೇಕು. ಆ ಕುರ್ಚಿಯಲ್ಲಿ ಕೂತು ವಿಶೇಷ ಶಿಕ್ಷಕರನ್ನು ಕೇಳಿ. ನೀವು ವಿದ್ಯಾರ್ಥಿಯಾಗಿದ್ದರೆ, ಎಂಜಿನಿಯರಿಂಗ್, ಮೆಡಿಕಲ್ ಎರಡೇ ದಾರಿ ಅಂದುಕೊಳ್ಳಬೇಡಿ. ವಿಶೇಷ ಶಿಕ್ಷಣದ ಬಿ.ಎಡ್., ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಇರುವ ಕೋರ್ಸುಗಳು ಇವೆ. ಕನ್ನಡ, ಉರ್ದು, ಬ್ಯಾರಿ ಬಲ್ಲ ತಜ್ಞರು ನಮ್ಮ ಮಕ್ಕಳಿಗೆ ಬೇಕಾಗಿದ್ದಾರೆ.

ನಮ್ಮ ಟ್ರಸ್ಟುಗಳು ಹೊಸ ಶಾಲೆಗೆ ಕಟ್ಟಡ ಕಟ್ಟುವಾಗ ಇಂಥ ಒಬ್ಬರ ಸಂಬಳವನ್ನೂ ಲೆಕ್ಕದಲ್ಲಿ ಸೇರಿಸಲಿ. ಹಣವಿಲ್ಲ ಅನ್ನುವ ಉತ್ತರವನ್ನು 1972ರಲ್ಲೇ ಒಂದು ನ್ಯಾಯಾಲಯ ಒಪ್ಪಲಿಲ್ಲ.