ಪ್ರತಿ ಉಳಿದರೆ ಚಿತ್ರ ಉಳಿದೀತು: ಪುಣೆಯ ಫಿಲ್ಮ್ ಆರ್ಕೈವ್ಸ್ ಮತ್ತು ಕನ್ನಡ

1. ಪೀಠಿಕೆ

ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನಾ’ 1934ರ ಮಾರ್ಚ್ 3ರಂದು ಬೆಂಗಳೂರಿನ ಪ್ಯಾರಾಮೌಂಟ್ ಚಿತ್ರಮಂದಿರದಲ್ಲಿ ತೆರೆಕಂಡಿತು. ನಿರ್ದೇಶನ ವೈ.ವಿ. ರಾವ್ ಅವರದು, ಸಾಹಿತ್ಯ ಬೆಳ್ಳಾವೆ ನರಹರಿ ಶಾಸ್ತ್ರಿಗಳದು. ಇಂದ್ರಜಿತುವಾಗಿ ಸುಬ್ಬಯ್ಯ ನಾಯ್ಡು, ರಾವಣನಾಗಿ ಆರ್. ನಾಗೇಂದ್ರರಾವ್ ಅಭಿನಯಿಸಿದ್ದರು. ತಂಡ ಕೊಲ್ಹಾಪುರಕ್ಕೆ ಹೋಗಿ ಅಲ್ಲಿನ ಛತ್ರಪತಿ ಸಿನಿಟೋನ್ ಸ್ಟುಡಿಯೊದಲ್ಲಿ ಚಿತ್ರೀಕರಣ ನಡೆಸಿತು. ಇಷ್ಟೆಲ್ಲ ವಿವರ ನಮಗೆ ಗೊತ್ತಿದೆ, ಚಿತ್ರ ಮಾತ್ರ ಇಲ್ಲ. ಅದರ ಒಂದು ಪ್ರಿಂಟೂ ಉಳಿದಿಲ್ಲ. ಅದೇ ವರ್ಷದ ‘ಭಕ್ತ ಧ್ರುವ’ವೂ ಇಲ್ಲ. ಅದಕ್ಕಿಂತ ಮೊದಲು ಮೋಹನ್ ಭವನಾನಿ ತೆಗೆದ, ಟಿ.ಪಿ. ಕೈಲಾಸಂ ಮತ್ತು ಕಮಲಾದೇವಿ ಚಟ್ಟೋಪಾಧ್ಯಾಯರು ಪಾತ್ರ ವಹಿಸಿದ್ದ ಮೂಕಿಚಿತ್ರ ‘ಮೃಚ್ಛಕಟಿಕ’ವೂ ಇಲ್ಲ. ಕನ್ನಡ ಸಿನಿಮಾದ ಚರಿತ್ರೆಯ ಮೊದಲ ಅಧ್ಯಾಯವನ್ನು ನಾವು ಚಿತ್ರ ನೋಡಿ ಬರೆಯುತ್ತಿಲ್ಲ. ಜಾಹೀರಾತು, ಸ್ಥಿರಚಿತ್ರ ಮತ್ತು ಹಿರಿಯರ ನೆನಪುಗಳನ್ನು ಜೋಡಿಸಿ ಬರೆಯುತ್ತಿದ್ದೇವೆ.

ಕೆಲವು ಚಿತ್ರಗಳು ಏಕೆ ಉಳಿಯುತ್ತವೆ, ಕೆಲವು ಏಕೆ ಅಳಿಯುತ್ತವೆ? ತಣ್ಣನೆಯ ಕೋಣೆ, ಒಳ್ಳೆಯ ಡಬ್ಬ, ಸಾಕಷ್ಟು ಹಣ ಇದ್ದರೆ ಉಳಿಯುತ್ತವೆ ಎಂಬುದು ಸಾಮಾನ್ಯವಾಗಿ ಸಿಗುವ ಉತ್ತರ. ಅದು ಸರಿಯೇ, ಆದರೆ ಅರ್ಧ ಮಾತ್ರ. ಹತ್ತನೆಯ ಶತಮಾನದಲ್ಲಿ ದಾನಚಿಂತಾಮಣಿ ಅತ್ತಿಮಬ್ಬೆ ಪೊನ್ನನ ‘ಶಾಂತಿಪುರಾಣ’ದ ಸಾವಿರ ಪ್ರತಿಗಳನ್ನು ಓಲೆಯಲ್ಲಿ ಬರೆಸಿ ಹಂಚಿದಳು. ಕೃತಿಯೊಂದನ್ನು ಉಳಿಸುವ ದಾರಿ ಅದನ್ನು ಹಲವು ಕೈಗಳಿಗೆ ಒಪ್ಪಿಸುವುದು ಎಂಬ ತಿಳಿವು ಆ ಕೆಲಸದಲ್ಲಿತ್ತು. ಚಲನಚಿತ್ರ, ಧ್ವನಿಮುದ್ರಣ ಮತ್ತು ದೂರದರ್ಶನಕ್ಕೂ ಇದೇ ಮಾತು ಸಲ್ಲುತ್ತದೆ ಎಂಬುದನ್ನು ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯದ ಚರಿತ್ರೆಯ ಮೂಲಕ, ಕನ್ನಡದೊಂದಿಗೆ ಅದಕ್ಕಿರುವ ನಂಟಿನ ಮೂಲಕ ತೋರಿಸುವುದು ಈ ಲೇಖನದ ಉದ್ದೇಶ.

2. ಅಳಿಯುವ ವಸ್ತು

ಫಿಲ್ಮು ಅಳಿಯುವುದು ಹೇಗೆಂದು ತಿಳಿಯದೆ ಉಳಿಸುವ ಮಾತು ಆಡಲಾಗದು. ಸಿನಿಮಾ ಹುಟ್ಟಿದಂದಿನಿಂದ 1950ರ ಆಸುಪಾಸಿನವರೆಗೆ ಬಳಕೆಯಲ್ಲಿದ್ದದ್ದು ಸೆಲ್ಯುಲೋಸ್ ನೈಟ್ರೇಟ್ ಫಿಲ್ಮು. ಅದು ಉರಿಯುವಾಗ ತನಗೆ ಬೇಕಾದ ಆಮ್ಲಜನಕವನ್ನು ತಾನೇ ಹೊರಬಿಡುತ್ತದೆ. ಹಾಗಾಗಿ ಒಮ್ಮೆ ಹತ್ತಿಕೊಂಡರೆ ನೀರಿನಲ್ಲಿ ಮುಳುಗಿಸಿದರೂ ಆರದು. ಬೆಂಕಿ ತಗಲದಿದ್ದರೂ ಕಾಲಕ್ರಮದಲ್ಲಿ ಅಂಟಂಟಾಗಿ ಕೊನೆಗೆ ಪುಡಿಯಾಗುತ್ತದೆ. 2003ರ ಜನವರಿಯಲ್ಲಿ ಪುಣೆಯಲ್ಲೇ, ಫಿಲ್ಮ್ ಇನ್‌ಸ್ಟಿಟ್ಯೂಟ್ ಆವರಣದಲ್ಲಿಟ್ಟಿದ್ದ ಸಂಗ್ರಹಾಲಯದ ನೈಟ್ರೇಟ್ ರೀಲುಗಳಿಗೆ ಬೆಂಕಿ ಬಿತ್ತು. ಸಾವಿರಾರು ರೀಲುಗಳು ಸುಟ್ಟುಹೋದವು. ಅವುಗಳಲ್ಲಿ ಯಾವುದರ ಪ್ರತಿಯನ್ನು ಮೊದಲೇ ಬೇರೆ ಫಿಲ್ಮಿಗೆ ಇಳಿಸಿಟ್ಟಿದ್ದರೋ ಆ ಚಿತ್ರ ಮಾತ್ರ ಬದುಕಿತು.

ನೈಟ್ರೇಟಿನ ಬದಲಿಗೆ ಬಂದ ಅಸಿಟೇಟ್ ಫಿಲ್ಮು ಸುಲಭವಾಗಿ ಉರಿಯುವುದಿಲ್ಲ, ಆದರೆ ಹುಳಿಯುತ್ತದೆ. ಸೆಕೆಯಲ್ಲಿ, ತೇವದಲ್ಲಿ ಇಟ್ಟ ಡಬ್ಬ ತೆರೆದರೆ ವಿನೆಗರ್ ವಾಸನೆ ಮೂಗಿಗೆ ಬಡಿಯುತ್ತದೆ. ಫಿಲ್ಮು ಮುದುಡಿ, ಕುಗ್ಗಿ, ಪ್ರೊಜೆಕ್ಟರಿನ ಹಲ್ಲುಗಳಿಗೆ ಕೂರದಂತಾಗುತ್ತದೆ. ಬಣ್ಣದ ಚಿತ್ರಗಳದು ಇನ್ನೊಂದು ಕಷ್ಟ. ಅವುಗಳಲ್ಲಿ ಮೊದಲು ನೀಲಿ, ಹಸಿರು ಮಾಸಿ ಇಡೀ ಚಿತ್ರ ಕೆಂಪಡರುತ್ತದೆ. ಇವೆಲ್ಲ ರಸಾಯನದ ಕೆಲಸವಾದರೆ ಮನುಷ್ಯನ ಕೈಯೂ ಕಡಿಮೆಯೇನಲ್ಲ. ಕಪ್ಪುಬಿಳುಪು ಚಿತ್ರದ ಬಿಂಬ ಮೂಡಿರುವುದು ಬೆಳ್ಳಿಯ ಕಣಗಳಿಂದ. ಪ್ರದರ್ಶನ ಮುಗಿದ ಮೇಲೆ ಆ ಬೆಳ್ಳಿಗಾಗಿ ರೀಲುಗಳನ್ನು ತೂಕಕ್ಕೆ ಮಾರಿದ್ದುಂಟು. 1931ರ ‘ಆಲಂ ಆರಾ’, ಭಾರತದ ಮೊದಲ ವಾಕ್ಚಿತ್ರ, ಇಂದು ಎಲ್ಲೂ ಇಲ್ಲ. ಓಡಿ ಮುಗಿದ ಚಿತ್ರಕ್ಕೆ ಮತ್ತೆ ಬೆಲೆ ಬರಬಹುದೆಂದು ಆ ಕಾಲದ ವ್ಯಾಪಾರ ಎಣಿಸಿಯೇ ಇರಲಿಲ್ಲ.

3. ಪುಣೆಗೆ ಬಂದ ಭಂಡಾರ

1929ರಲ್ಲಿ ಕೊಲ್ಹಾಪುರದಲ್ಲಿ ಹುಟ್ಟಿದ ಪ್ರಭಾತ್ ಫಿಲ್ಮ್ ಕಂಪನಿ 1933ರಲ್ಲಿ ಪುಣೆಗೆ ಬಂತು. ಅದರ 1936ರ ‘ಸಂತ ತುಕಾರಾಂ’ ಮರುವರ್ಷ ವೆನಿಸ್ ಚಿತ್ರೋತ್ಸವದಲ್ಲಿ ಮನ್ನಣೆ ಪಡೆಯಿತು. ಕನ್ನಡದ ಮೊದಲ ವಾಕ್ಚಿತ್ರ ಕೊಲ್ಹಾಪುರದಲ್ಲಿ ತಯಾರಾಗಿದ್ದೂ ಇದೇ ಹೊತ್ತಿನಲ್ಲಿ. ಪ್ರಭಾತ್ ಮುಚ್ಚಿದ ಮೇಲೆ 1960ರಲ್ಲಿ ಅದರ ಆವರಣದಲ್ಲೇ ಫಿಲ್ಮ್ ಇನ್‌ಸ್ಟಿಟ್ಯೂಟ್ ಆರಂಭವಾಯಿತು. ಅದರ ಬೆನ್ನಿಗೆ 1964ರ ಫೆಬ್ರವರಿಯಲ್ಲಿ ಕೇಂದ್ರದ ವಾರ್ತಾ ಮತ್ತು ಪ್ರಸಾರ ಸಚಿವಾಲಯದ ಅಡಿಯಲ್ಲಿ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಹುಟ್ಟಿತು. ಪುಣೆ ವಿಶ್ವವಿದ್ಯಾಲಯದ ಮೊದಲ ಕುಲಪತಿ ಎಂ.ಆರ್. ಜಯಕರ್ ಅವರ ಲಾ ಕಾಲೇಜ್ ರಸ್ತೆಯ ಬಂಗಲೆ ಮುಂದೆ ಅದರ ಗುರುತಾಯಿತು. ಜಗತ್ತಿನ ಫಿಲ್ಮ್ ಆರ್ಕೈವ್ಸ್‌ಗಳ ಒಕ್ಕೂಟವನ್ನು 1969ರಲ್ಲಿ ಅದು ಸೇರಿತು.

ಈ ಸಂಸ್ಥೆಗೆ ರೂಪ ಕೊಟ್ಟವರು ಪಿ.ಕೆ. ನಾಯರ್ (1933–2016). ತಿರುವನಂತಪುರದಲ್ಲಿ ಹುಟ್ಟಿ, 1961ರಲ್ಲಿ ಇನ್‌ಸ್ಟಿಟ್ಯೂಟಿಗೆ ಸಂಶೋಧನಾ ಸಹಾಯಕರಾಗಿ ಬಂದ ಅವರು 1965ರಿಂದ ಸಂಗ್ರಹಾಲಯದಲ್ಲಿದ್ದು, 1982ರಲ್ಲಿ ನಿರ್ದೇಶಕರಾಗಿ, 1991ರಲ್ಲಿ ನಿವೃತ್ತರಾದರು. ಅಷ್ಟರಲ್ಲಿ ಭಂಡಾರದಲ್ಲಿ ಸುಮಾರು 12,000 ಚಿತ್ರಗಳಿದ್ದವು, ಅವುಗಳಲ್ಲಿ 8,000 ಭಾರತೀಯ ಚಿತ್ರಗಳು. ಕೊಡಿ ಎಂದು ನಿರ್ಮಾಪಕರನ್ನು ಒತ್ತಾಯಿಸುವ ಕಾನೂನು ಅವರ ಕೈಯಲ್ಲಿರಲಿಲ್ಲ. ಮನೆಮನೆಗೆ, ಗೋದಾಮಿನಿಂದ ಗೋದಾಮಿಗೆ ಹೋಗಿ ಕೇಳಿ ತಂದರು. 1913ರ ‘ರಾಜಾ ಹರಿಶ್ಚಂದ್ರ’ದ ಉಳಿದಿರುವ ಭಾಗ, 1919ರ ‘ಕಾಲಿಯ ಮರ್ದನ’ ಇಂದು ನೋಡಲು ಸಿಗುತ್ತಿದ್ದರೆ ಅವುಗಳನ್ನು ತೆಗೆದ ಫಾಲ್ಕೆಯವರ ಕುಟುಂಬದೊಂದಿಗೆ ನಾಯರ್ ಬೆಳೆಸಿದ ವಿಶ್ವಾಸವೇ ಕಾರಣ. ಪ್ರದರ್ಶನದ ಕತ್ತಲಲ್ಲಿ ಸಣ್ಣ ಟಾರ್ಚ್ ಹಿಡಿದು ಪ್ರತಿ ರೀಲಿನ ಟಿಪ್ಪಣಿ ಬರೆದುಕೊಳ್ಳುತ್ತಿದ್ದುದನ್ನು ಅವರ ಶಿಷ್ಯರು ಇಂದಿಗೂ ನೆನೆಯುತ್ತಾರೆ. ಶಿವೇಂದ್ರ ಸಿಂಗ್ ಡೂಂಗರ್‌ಪುರ್ ಅವರ 2012ರ ಸಾಕ್ಷ್ಯಚಿತ್ರ ‘ಸೆಲ್ಯುಲಾಯ್ಡ್ ಮ್ಯಾನ್’ ಈ ಬದುಕನ್ನು ದಾಖಲಿಸಿದೆ.

4. ಕಾಪಿಡುವುದೋ, ತೋರಿಸುವುದೋ

ಆರ್ಕೈವ್ಸ್‌ಗಳ ಲೋಕದಲ್ಲಿ ಒಂದು ಹಳೆಯ ವಾದವಿದೆ. ಪ್ಯಾರಿಸ್ಸಿನ ಸಿನೆಮಾಟೆಕ್ ಕಟ್ಟಿದ ಆನ್ರಿ ಲಾಂಗ್ಲ್ವಾ, ಚಿತ್ರವಿರುವುದು ತೋರಿಸುವುದಕ್ಕೆ ಎಂದು ನಂಬಿದ್ದರು. ಲಂಡನ್ನಿನ ರಾಷ್ಟ್ರೀಯ ಫಿಲ್ಮ್ ಭಂಡಾರದ ಅರ್ನೆಸ್ಟ್ ಲಿಂಡ್‌ಗ್ರೆನ್, ಒಮ್ಮೆ ಓಡಿಸಿದರೂ ಪ್ರಿಂಟು ಸವೆಯುತ್ತದೆ, ಮೊದಲು ಕಾಪಿಡಬೇಕು ಎನ್ನುತ್ತಿದ್ದರು. ಇಬ್ಬರ ಮಾತಿನಲ್ಲೂ ಸತ್ಯವಿತ್ತು. ಪುಣೆ ಕಂಡುಕೊಂಡ ದಾರಿ ಇವೆರಡರ ನಡುವಿನದು. ಮೂಲ ನೆಗೆಟಿವ್ ಮತ್ತು ಮುಖ್ಯ ಪ್ರಿಂಟು ತಣ್ಣನೆಯ ಕೋಣೆಯಲ್ಲಿ ಇರಬೇಕು, ಕಪ್ಪುಬಿಳುಪು ಚಿತ್ರಕ್ಕೆ 10ರಿಂದ 12 ಡಿಗ್ರಿ, ಬಣ್ಣದ ಚಿತ್ರಕ್ಕೆ ಇನ್ನೂ ತಣ್ಣಗೆ. ಆದರೆ ಬೇರೊಂದು ಪ್ರತಿ, ಹೆಚ್ಚಾಗಿ 16 ಮಿಲಿಮೀಟರಿನದು, ಪೆಟ್ಟಿಗೆಯಲ್ಲಿ ಕೂತು ಊರೂರು ಸುತ್ತಬೇಕು. ಇದಕ್ಕಾಗಿ ಸಂಗ್ರಹಾಲಯವು ಚಿತ್ರಸಮಾಜಗಳಿಗೆ ಚಿತ್ರಗಳನ್ನು ಎರವಲು ಕೊಡುವ ವಿಭಾಗವನ್ನು ನಡೆಸಿತು, ಬೆಂಗಳೂರು, ಕೋಲ್ಕತ್ತ, ತಿರುವನಂತಪುರಗಳಲ್ಲಿ ಪ್ರಾದೇಶಿಕ ಕಚೇರಿಗಳನ್ನು ತೆರೆಯಿತು.

ಈ ಪೆಟ್ಟಿಗೆಗಳು ಅತ್ಯಂತ ಫಲ ಕೊಟ್ಟ ಊರುಗಳಲ್ಲೊಂದು ಸಾಗರ ತಾಲ್ಲೂಕಿನ ಹೆಗ್ಗೋಡು. ಕೆ.ವಿ. ಸುಬ್ಬಣ್ಣನವರ ರಂಗಸಂಸ್ಥೆ ನೀನಾಸಂ 1973ರಲ್ಲಿ ಚಿತ್ರಸಮಾಜ ಆರಂಭಿಸಿತು. 1977ರಲ್ಲಿ ಅಲ್ಲಿ ಚಲನಚಿತ್ರೋತ್ಸವ ಮತ್ತು ರಸಗ್ರಹಣ ಶಿಬಿರ ನಡೆಯಿತು. ಪಿ.ಕೆ. ನಾಯರ್ ಮತ್ತು ಫಿಲ್ಮ್ ಇನ್‌ಸ್ಟಿಟ್ಯೂಟಿನ ಪ್ರಾಧ್ಯಾಪಕ ಸತೀಶ್ ಬಹಾದೂರ್ ಪುಣೆಯಿಂದ ಚಿತ್ರಗಳ ಸಮೇತ ಬಂದರು. ಸತ್ಯಜಿತ್ ರಾಯ್, ಅಕಿರಾ ಕುರೋಸಾವ, ವಿಟ್ಟೋರಿಯೊ ಡಿ ಸಿಕಾ ಅವರ ಚಿತ್ರಗಳನ್ನು ಅಡಕೆ ತೋಟದ ನಡುವಿನ ರಂಗಮಂದಿರದಲ್ಲಿ ಸುತ್ತಲಿನ ಹಳ್ಳಿಗಳ ರೈತರು, ಕೂಲಿಕಾರರು, ಶಾಲಾ ಮಾಸ್ತರರು, ಹೆಂಗಸರು ನೋಡಿದರು, ಕನ್ನಡದಲ್ಲಿ ಚರ್ಚಿಸಿದರು. ಜಪಾನಿನ ‘ರಾಶೊಮಾನ್’ ನೋಡಿದವರಿಗೆ ಒಂದೇ ಘಟನೆಯನ್ನು ನಾಲ್ವರು ನಾಲ್ಕು ಬಗೆಯಾಗಿ ಹೇಳುವುದು ಹೊಸದೆನಿಸಿರಲಿಕ್ಕಿಲ್ಲ. ಊರಿನ ನ್ಯಾಯ ಪಂಚಾಯ್ತಿಕೆಯಲ್ಲಿ ಅದನ್ನು ಅವರು ಮೊದಲೇ ಕಂಡಿರಬೇಕು. ಮುಂದೆ 1980ರ ದಶಕದಲ್ಲಿ ‘ಜನಸ್ಪಂದನ’ ಯೋಜನೆಯ ಮೂಲಕ ನೀನಾಸಂ ಈ ಪ್ರದರ್ಶನಗಳನ್ನು ಕರ್ನಾಟಕದ ಬೇರೆ ಊರುಗಳಿಗೂ ಒಯ್ದಿತು.

ಹೆಗ್ಗೋಡಿನ ಪ್ರಯೋಗವನ್ನು ಸಾಮಾನ್ಯವಾಗಿ ಸಾಂಸ್ಕೃತಿಕ ಚಳವಳಿಯ ಅಧ್ಯಾಯವಾಗಿ ಓದುತ್ತಾರೆ. ಸಂರಕ್ಷಣೆಯ ಚರಿತ್ರೆಯಲ್ಲೂ ಅದಕ್ಕೆ ಸ್ಥಾನ ಸಲ್ಲಬೇಕು. ತಮ್ಮದೆಂದು ಜನ ಭಾವಿಸದ ವಸ್ತುವಿಗೆ ಸರ್ಕಾರದ ಹಣ ಬಹುಕಾಲ ಹರಿಯುವುದಿಲ್ಲ. ಭಂಡಾರದ ಬಾಗಿಲಾಚೆ ನೋಡುಗರು ಇದ್ದಾಗ ಮಾತ್ರ ಒಳಗಿನ ಡಬ್ಬಕ್ಕೆ ಹಕ್ಕುದಾರರು ಹುಟ್ಟುತ್ತಾರೆ.

5. ಸಂಪಾದನೆಯಾಗಿ ಪುನರುಜ್ಜೀವನ

ಚಿತ್ರನಿರ್ದೇಶಕ ಗಿರೀಶ ಕಾಸರವಳ್ಳಿ 1975ರಲ್ಲಿ ಪುಣೆಯ ಇನ್‌ಸ್ಟಿಟ್ಯೂಟಿನಲ್ಲಿ ಕಲಿತು ಹೊರಬಂದರು. ಅದಕ್ಕೆ ಸ್ವಲ್ಪ ಮೊದಲು ಗಿರೀಶ ಕಾರ್ನಾಡರು ಅಲ್ಲಿ ನಿರ್ದೇಶಕರಾಗಿದ್ದರು. ಯು.ಆರ್. ಅನಂತಮೂರ್ತಿಯವರ ಕತೆಯನ್ನು ಆಧರಿಸಿ, ಸದಾನಂದ ಸುವರ್ಣರ ನಿರ್ಮಾಣದಲ್ಲಿ ಕಾಸರವಳ್ಳಿ ತೆಗೆದ ‘ಘಟಶ್ರಾದ್ಧ’ (1977) ರಾಷ್ಟ್ರಪ್ರಶಸ್ತಿಯ ಸ್ವರ್ಣಕಮಲ ಪಡೆಯಿತು. ಅದರ ಮೂಲ ನೆಗೆಟಿವ್ ಪುಣೆಯ ಸಂಗ್ರಹಾಲಯದಲ್ಲಿ ಉಳಿದಿತ್ತು. ಮಾರ್ಟಿನ್ ಸ್ಕಾರ್ಸೆಸಿಯವರ ವರ್ಲ್ಡ್ ಸಿನಿಮಾ ಪ್ರಾಜೆಕ್ಟ್, ಮುಂಬಯಿಯ ಫಿಲ್ಮ್ ಹೆರಿಟೇಜ್ ಫೌಂಡೇಶನ್ ಮತ್ತು ಸಂಗ್ರಹಾಲಯ ಕೂಡಿ ಅದನ್ನು ಪುನರುಜ್ಜೀವನಗೊಳಿಸಿದವು. 2024ರ ವೆನಿಸ್ ಚಿತ್ರೋತ್ಸವದ ಕ್ಲಾಸಿಕ್ ವಿಭಾಗದಲ್ಲಿ ‘ಘಟಶ್ರಾದ್ಧ’ ಹೊಸ ಕಣ್ಣುಗಳ ಮುಂದೆ ಬಂತು.

ಪುನರುಜ್ಜೀವನವೆಂದರೆ ಗೀರು ಒರೆಸಿ ಹೊಳಪು ಹಚ್ಚುವುದಲ್ಲ. ಪುಣೆಯ ಭಂಡಾರ್ಕರ್ ಸಂಶೋಧನಾ ಮಂದಿರದಲ್ಲಿ 1919ರಿಂದ 1966ರವರೆಗೆ ಮಹಾಭಾರತದ ಪರಿಷ್ಕೃತ ಆವೃತ್ತಿ ಸಿದ್ಧವಾಯಿತು. ನಾಡಿನ ನಾನಾ ಲಿಪಿಗಳ ಹಸ್ತಪ್ರತಿಗಳನ್ನು ತರಿಸಿ, ಪಾಠಾಂತರಗಳನ್ನು ಹೋಲಿಸಿ ವಿದ್ವಾಂಸರು ಆ ಕೆಲಸ ಮಾಡಿದರು. ಫಿಲ್ಮಿನ ಪುನರುಜ್ಜೀವನವೂ ಗ್ರಂಥಸಂಪಾದನೆಯೇ. ನೆಗೆಟಿವಿನಲ್ಲಿ ಹರಿದ ಚೌಕಟ್ಟನ್ನು ಇನ್ನೊಂದು ಪ್ರಿಂಟಿನಿಂದ ತುಂಬಬೇಕು, ಕಳೆದ ಶಬ್ದವನ್ನು ಮತ್ತೊಂದರಿಂದ ತರಬೇಕು, ಬೆಳಕು ಎಷ್ಟಿತ್ತೆಂದು ಛಾಯಾಗ್ರಾಹಕರನ್ನೋ ನಿರ್ದೇಶಕರನ್ನೋ ಕೇಳಬೇಕು. ಇರುವುದೊಂದೇ ಪ್ರತಿಯಾದರೆ ಸಂಪಾದಕನಿಗೆ ಹೋಲಿಸಲು ಏನೂ ಇರುವುದಿಲ್ಲ.

ದೂರ ಹೋದ ಪ್ರತಿಯೇ ಎಷ್ಟೋ ಸಲ ಕೃತಿಯನ್ನು ಕಾಪಾಡಿದೆ. ಕಲ್ಕತ್ತೆಯ 1919ರ ಮೂಕಿಚಿತ್ರ ‘ಬಿಲ್ವಮಂಗಲ’ದ ತುಣುಕುಗಳು ಸಿಕ್ಕಿದ್ದು ಪ್ಯಾರಿಸ್ಸಿನ ಸಿನೆಮಾಟೆಕ್‌ನಲ್ಲಿ. ಅವುಗಳ ಡಿಜಿಟಲ್ ಪ್ರತಿ 2016ರಲ್ಲಿ ಪುಣೆಗೆ ಬಂತು. ಜರ್ಮನಿಯ ‘ಮೆಟ್ರೊಪೊಲಿಸ್’ ಚಿತ್ರದ ಕಳೆದುಹೋದ ಭಾಗಗಳು 2008ರಲ್ಲಿ ಬ್ಯೂನಸ್ ಐರಿಸ್‌ನಲ್ಲಿ ದೊರೆತವು. ಹುಟ್ಟಿದ ಊರಿನಲ್ಲಿ ಅಳಿದದ್ದು ಹೋದ ಊರಿನಲ್ಲಿ ಉಳಿಯಿತು.

6. ಧ್ವನಿ ಮತ್ತು ದೂರದರ್ಶನ

ಧ್ವನಿಯ ಕತೆಯೂ ಇದನ್ನೇ ಹೇಳುತ್ತದೆ. ಗ್ರಾಮಫೋನ್ ತಟ್ಟೆ ಒಂದೇ ಅಚ್ಚಿನಿಂದ ನೂರಾರು ಪ್ರತಿಯಾಗಿ ಮನೆಮನೆಗೆ ಹೋಯಿತು. ಅದರಿಂದಲೇ ಕಂಪನಿ ನಾಟಕಗಳ ಹಾಡುಗಳು ಸಂಗ್ರಾಹಕರ ಕಪಾಟಿನಲ್ಲಿ ಇಂದಿಗೂ ಸಿಗುತ್ತವೆ. ಆಕಾಶವಾಣಿಯ ಟೇಪು ಹಾಗಲ್ಲ, ಅದು ಒಂದೇ ಒಂದು. ಧಾರವಾಡ ಆಕಾಶವಾಣಿ 1950ರ ಜನವರಿ 8ರಂದು ಆರಂಭವಾಯಿತು. ಮಲ್ಲಿಕಾರ್ಜುನ ಮನ್ಸೂರ, ಬಸವರಾಜ ರಾಜಗುರು ಅವರಂಥವರು ಹಾಡಿದ ನಿಲಯ ಅದು. ಅಲ್ಲಿ ಉಳಿದ ಪ್ರತಿ ಟೇಪೂ ನಾಡಿನ ಆಸ್ತಿ. ಬೆಂಗಳೂರು ದೂರದರ್ಶನ ಶುರುವಾದದ್ದು 1981ರ ನವೆಂಬರ್ 1ರಂದು. ಅದು ವಿಡಿಯೊ ಟೇಪಿನ ಕಾಲ. ಟೇಪು ದುಬಾರಿ, ಅಳಿಸಿ ಮತ್ತೆ ಬಳಸಬಹುದಾದ್ದು. ಬ್ರಿಟನ್ನಿನ ಬಿಬಿಸಿ 1960ರ ದಶಕದ ತನ್ನ ಜನಪ್ರಿಯ ಧಾರಾವಾಹಿ ‘ಡಾಕ್ಟರ್ ಹೂ’ದ ಟೇಪುಗಳನ್ನೇ ಅಳಿಸಿಬಿಟ್ಟಿತ್ತು. ಪ್ರಸಾರಕ್ಕೆಂದು ಹೊರದೇಶಗಳಿಗೆ ಕಳಿಸಿದ್ದ ಫಿಲ್ಮ್ ಪ್ರತಿಗಳಲ್ಲಿ ಕೆಲವು ನೈಜೀರಿಯಾದಲ್ಲಿ ಸಿಕ್ಕು, 2013ರಲ್ಲಿ ಮರಳಿ ಜನರ ಮುಂದೆ ಬಂದವು. ಇಲ್ಲೂ ಕಾಪಾಡಿದ್ದು ಹಂಚಿಕೆಯೇ.

7. ಉಪಸಂಹಾರ

ಪುಸ್ತಕಕ್ಕೊಂದು ಕಾನೂನಿದೆ. 1954ರ ಕಾಯ್ದೆಯ ಪ್ರಕಾರ ಪ್ರಕಾಶಕರು ಪ್ರತಿ ಪುಸ್ತಕದ ಪ್ರತಿಯನ್ನು ನಿಗದಿತ ಸಾರ್ವಜನಿಕ ಗ್ರಂಥಾಲಯಗಳಿಗೆ ಕೊಡಬೇಕು. ಚಲನಚಿತ್ರಕ್ಕೆ ಅಂಥ ಕಡ್ಡಾಯ ಕಾನೂನು ಇಲ್ಲ. ರಾಷ್ಟ್ರಪ್ರಶಸ್ತಿ ಬಂದ ಚಿತ್ರಕ್ಕೆ ಪುಣೆಯ ದಾರಿ ತೆರೆದಿತ್ತು, ಟೂರಿಂಗ್ ಟಾಕೀಸಿನಲ್ಲಿ ಜನ ಮುಗಿಬಿದ್ದು ನೋಡಿದ ಚಿತ್ರಕ್ಕೆ ಆ ಭರವಸೆ ಇರಲಿಲ್ಲ. ಕೇಂದ್ರ ಸರ್ಕಾರ ಸುಮಾರು 597 ಕೋಟಿ ರೂಪಾಯಿಯ ರಾಷ್ಟ್ರೀಯ ಚಲನಚಿತ್ರ ಪರಂಪರೆ ಯೋಜನೆ ಹಾಕಿಕೊಂಡಿದೆ. 2022ರಲ್ಲಿ ಸಂಗ್ರಹಾಲಯ ರಾಷ್ಟ್ರೀಯ ಚಲನಚಿತ್ರ ಅಭಿವೃದ್ಧಿ ನಿಗಮದಲ್ಲಿ ವಿಲೀನವಾಗಿದೆ. ಹಣ, ಯಂತ್ರ ಬಂದಿವೆ. ಇನ್ನು ಬೇಕಿರುವುದು ಕನ್ನಡದ ಕಡೆಯಿಂದ ಮೂರು ಕೆಲಸ.

ಮೊದಲನೆಯದು, ಕನ್ನಡದಲ್ಲಿ ತಯಾರಾಗುವ ಪ್ರತಿ ಚಿತ್ರದ ಒಂದು ಪ್ರತಿ ಸಾರ್ವಜನಿಕ ಭಂಡಾರ ಸೇರುವಂತೆ ರಾಜ್ಯವೇ ಕಾನೂನು ಮಾಡಬೇಕು. ಇಂದಿನ ಡಿಜಿಟಲ್ ಚಿತ್ರಕ್ಕೂ ಇದು ಬೇಕು, ಏಕೆಂದರೆ ಹಾರ್ಡ್ ಡಿಸ್ಕ್ ನೈಟ್ರೇಟಿಗಿಂತ ಬೇಗ ಸಾಯುತ್ತದೆ. ಎರಡನೆಯದು, ಭಾರತದಲ್ಲಿ ಚಲನಚಿತ್ರದ ಕೃತಿಸ್ವಾಮ್ಯ 60 ವರ್ಷಕ್ಕೆ ಮುಗಿಯುತ್ತದೆ. 1954ರ ‘ಬೇಡರ ಕಣ್ಣಪ್ಪ’ ಈಗ ಎಲ್ಲರದು. ಇಂಥ ಚಿತ್ರಗಳ ಒಳ್ಳೆಯ ಪ್ರತಿಗಳು ಶಾಲೆ, ಗ್ರಂಥಾಲಯ, ಚಿತ್ರಸಮಾಜಗಳಿಗೆ ಸಿಗಬೇಕು. ಮೂರನೆಯದು, ಹಳೆಯ ಚಿತ್ರಮಂದಿರ, ವಿತರಕರ ಕಚೇರಿ, ಕಲಾವಿದರ ಮನೆಗಳ ಅಟ್ಟದಲ್ಲಿ ಉಳಿದಿರುವುದನ್ನು ಜಿಲ್ಲೆಜಿಲ್ಲೆಯಲ್ಲಿ ಹುಡುಕಬೇಕು. ನಮ್ಮ ಹಿರಿಯರು ಮಠ, ಬಸದಿ, ಮನೆಗಳ ಅಟ್ಟಗಳಲ್ಲಿ ಓಲೆಗರಿ ಹುಡುಕಿದ್ದು ಹೀಗೆಯೇ.

ಓದುಗರಲ್ಲಿ ಒಂದು ವಿನಂತಿ. ನಿಮ್ಮ ಊರಿನ ಟಾಕೀಸು ಮುಚ್ಚುವಾಗ, ಹಿರಿಯರ ಮನೆ ಖಾಲಿ ಮಾಡುವಾಗ ತುಕ್ಕು ಹಿಡಿದ ಡಬ್ಬವೋ ಟೇಪಿನ ಸುರುಳಿಯೋ ಕಂಡರೆ ಗುಜರಿಗೆ ಹಾಕಬೇಡಿ. ಒಣ, ತಂಪಾದ ಜಾಗದಲ್ಲಿ, ಬೆಂಕಿಯಿಂದ ದೂರ ಇಡಿ, ಪುಣೆಯ ಸಂಗ್ರಹಾಲಯಕ್ಕೆ ಸುದ್ದಿ ಮುಟ್ಟಿಸಿ. ‘ಸತಿ ಸುಲೋಚನಾ’ದ ಒಂದೇ ಒಂದು ರೀಲು ಎಲ್ಲಾದರೂ ಉಳಿದಿದ್ದರೆ ಅದು ಇರುವುದು ಅಂಥದೊಂದು ಡಬ್ಬದಲ್ಲೇ.