ಫಿರಂಗಿ ಎಳೆದ ಲಾರಿ ಗುಡ್ಡದ ಮರ ಎಳೆದ ಕಥೆ

1/7
ಮೆಟಡಾರ್ ಅಂದ ತಕ್ಷಣ ನಮ್ಮ ಅಪ್ಪ-ಅಮ್ಮನ ಕಾಲದವರಿಗೆ ನೆನಪಾಗೋದು ಬಜಾಜ್ ಟೆಂಪೋ ಕಂಪನಿಯ ವ್ಯಾನ್. ಮದುವೆ ದಿಬ್ಬಣಕ್ಕೂ ಅದೇ, ಟೊಮೇಟೊ ಕ್ರೇಟ್‌ಗೂ ಅದೇ. ಆದ್ರೆ ಆ ವ್ಯಾನ್ ಹುಟ್ಟೋಕೆ ಮೂವತ್ತು ವರ್ಷ ಮೊದಲೇ ಇಂಗ್ಲೆಂಡಿನಲ್ಲಿ ಅದೇ ಹೆಸರಿನ ಇನ್ನೊಂದು ಗಾಡಿ ಇತ್ತು: ಎಇಸಿ ಮ್ಯಾಟಡೋರ್. ಹೆಸರು ಒಂದೇ, ಸಂಬಂಧ ಏನೂ ಇಲ್ಲ. ಎರಡನೇ ಮಹಾಯುದ್ಧದಲ್ಲಿ ಬ್ರಿಟಿಷ್ ಸೇನೆಯ ಫಿರಂಗಿ ಎಳೆಯೋದು ಇದರ ಕೆಲಸ. ಯುದ್ಧ ಮುಗಿದ ಮೇಲೆ ಹರಾಜಾಗಿ, ಕಡಿದಾದ ಗುಡ್ಡಗಳಿಂದ ಮರದ ದಿಮ್ಮಿ ಎಳೆಯೋ ಗಾಡಿ ಆಯ್ತು.

"ಯುದ್ಧ ಮುಗಿದ ಮೇಲೆ ಸಾಮಾನೆಲ್ಲ ಏನಾಯ್ತು" ಸರಣಿಯ ಈ ಕಂತು ಆ ಗಾಡಿ ಬಗ್ಗೆ. ಬಿಕಾಂ ಫ್ರೆಂಡ್ಸ್, ಇದರಲ್ಲಿ ನಮ್ಮ ಕಾಸ್ಟಿಂಗ್ ಕೂಡ ಇದೆ. ಸ್ಕಿಪ್ ಮಾಡ್ಬೇಡಿ.

2/7
ಮೊದಲು ಹಿನ್ನೆಲೆ. ಯುದ್ಧಕ್ಕೆ ಮುಂಚೆ ಬ್ರಿಟನ್ ತನಗೆ ಬೇಕಾದ ಮರದಲ್ಲಿ ಬಹುಪಾಲನ್ನು ಹೊರದೇಶಗಳಿಂದ ತರಿಸಿಕೊಳ್ತಿತ್ತು. ಯುದ್ಧದಲ್ಲಿ ಹಡಗು ಬರೋದೇ ಕಷ್ಟ ಆದಾಗ ತನ್ನದೇ ಕಾಡು ಕಡಿಯಬೇಕಾಯ್ತು. ಗಂಡಸರು ಸೇನೆಗೆ ಹೋಗಿದ್ರು. ಹಾಗಾಗಿ 1942ರಲ್ಲಿ ವಿಮೆನ್ಸ್ ಟಿಂಬರ್ ಕೋರ್ ಅನ್ನೋ ಪಡೆ ಕಟ್ಟಿದರು. ನಮ್ಮ ವಯಸ್ಸಿನ ಹುಡುಗಿಯರು ಕೊಡಲಿ, ಗರಗಸ ಹಿಡಿದು ಕಾಡಿಗೆ ಹೋದರು.

ಮರ ಕಡಿಯೋದಕ್ಕಿಂತ ಕಷ್ಟ ಅದನ್ನು ರಸ್ತೆಗೆ ತರೋದು. ನಮ್ಮ ಮಲೆನಾಡಲ್ಲಿ ನಾಟಾ ಎಳೆಯೋಕೆ ಆನೆ ಇದ್ದ ಹಾಗೆ ಅಲ್ಲಿ ಕುದುರೆ. ವೇಲ್ಸ್, ಸ್ಕಾಟ್ಲೆಂಡ್ ಕಡೆ ಗುಡ್ಡ, ಮಳೆ, ಕೆಸರು. ಅಂಥ ಕಡೆ ದಪ್ಪ ದಿಮ್ಮಿಗೆ ಕುದುರೆ ಬಲ ಸಾಲ್ತಿರಲಿಲ್ಲ.

1945ಕ್ಕೆ ಯುದ್ಧ ಮುಗೀತು. ಸೇನೆ ಹತ್ರ ಸಾವಿರಾರು ಲಾರಿಗಳು ಸುಮ್ಮನೆ ನಿಂತಿದ್ದವು. ಸರ್ಕಾರ ಡಿಪೋಗಳಲ್ಲಿ ಸಾಲಾಗಿ ನಿಲ್ಲಿಸಿ ಹರಾಜು ಹಾಕ್ತು. ನಾಟಿಂಗ್‌ಹ್ಯಾಮ್ ಹತ್ತಿರದ ರಡಿಂಗ್ಟನ್ ಡಿಪೋ ಇಂಥ ಹರಾಜಿಗೆ ಹೆಸರುವಾಸಿ. ಟಿಂಬರ್ ವ್ಯಾಪಾರಿಗಳು ಅಲ್ಲಿಗೆ ಬಂದ್ರು. ಪ್ರಶ್ನೆ ಒಂದೇ: ಇಷ್ಟೊಂದು ಗಾಡಿಯಲ್ಲಿ ಯಾವುದು ತಗೊಳ್ಳೋದು?

3/7
ಕಣ್ಣಿಗೆ ಮೊದಲು ಬೀಳೋದು ಅಮೆರಿಕದ ಜಿಎಂಸಿ. ಆರು ಚಕ್ರ, ಆರಕ್ಕೂ ಎಂಜಿನ್ ಬಲ. 5 ಲಕ್ಷಕ್ಕೂ ಹೆಚ್ಚು ತಯಾರಾಗಿದ್ದ ಗಾಡಿ. ಇನ್ನೊಂದು ಕೆನಡಾದ ಫೋರ್ಡ್, ನಾಲ್ಕು ಚಕ್ರಕ್ಕೂ ಬಲ, ವಿ8 ಎಂಜಿನ್. ಎರಡೂ ಪೆಟ್ರೋಲ್. ಬ್ರಿಟನ್‌ನಲ್ಲಿ ಪೆಟ್ರೋಲ್‌ಗೆ ರೇಷನ್ ಮುಗಿದಿದ್ದೇ 1950ರ ಮೇ ತಿಂಗಳಲ್ಲಿ. ಯುದ್ಧದಲ್ಲಿ ಸೇನೆ ಎಣ್ಣೆ ಲೆಕ್ಕ ನೋಡಲ್ಲ, ವ್ಯಾಪಾರಿ ದಿನಾ ನೋಡ್ಬೇಕು.

ಇನ್ನು ಡೀಸೆಲ್‌ನಲ್ಲಿ ಎರಡು ಮುಖ್ಯ. ಸ್ಕ್ಯಾಮೆಲ್ ಪಯೋನೀರ್: ಗಾರ್ಡ್ನರ್ ಎಂಜಿನ್, 102 ಅಶ್ವಶಕ್ತಿ, ಹಳ್ಳದಿಣ್ಣೆಯಲ್ಲಿ ಹಿಂದಿನ ಚಕ್ರಗಳು ಒಂದು ಮೇಲೆ ಒಂದು ಕೆಳಗೆ ಆಡುತ್ತಾ ನೆಲ ಬಿಡದೆ ಹೋಗೋ ಗಟ್ಟಿ ಗಾಡಿ. ಆದ್ರೆ ಮುಂದಿನ ಚಕ್ರಕ್ಕೆ ಎಂಜಿನ್ ಬಲ ಇಲ್ಲ. ನಮ್ಮ ಮ್ಯಾಟಡೋರ್: 7.58 ಲೀಟರ್‌ನ ಆರು ಸಿಲಿಂಡರ್ ಡೀಸೆಲ್, 95 ಅಶ್ವಶಕ್ತಿ, ನಾಲ್ಕು ಚಕ್ರಕ್ಕೂ ಬಲ, ಹೊಟ್ಟೆಯ ಕೆಳಗೆ 7 ಟನ್ ಎಳೆಯೋ ವಿಂಚ್. ಯುದ್ಧಕಾಲದಲ್ಲಿ ಸುಮಾರು 9 ಸಾವಿರ ತಯಾರಾಗಿದ್ದವು.

ತಯಾರಿಸಿದ ಎಇಸಿ ಕಂಪನಿ ಯಾವುದು ಗೊತ್ತಾ? ಲಂಡನ್ ಬಸ್‌ಗಳನ್ನು ಮಾಡ್ತಿದ್ದ ಕಂಪನಿ. ಅಂದ್ರೆ ಈ ಎಂಜಿನ್‌ನ ಅಣ್ಣತಮ್ಮಂದಿರು ಊರೂರಿನ ಬಸ್‌ಗಳಲ್ಲಿ ಓಡ್ತಿದ್ರು. ಬಿಚ್ಚಿ ಜೋಡಿಸೋಕೆ ಬರೋ ಮೆಕ್ಯಾನಿಕ್ ಸಿಗ್ತಿದ್ರು, ಸ್ಪೇರ್ ಪಾರ್ಟ್ ಹುಡುಕಿಕೊಂಡು ಅಮೆರಿಕಕ್ಕೆ ಪತ್ರ ಬರೆಯೋ ಗೋಜಿಲ್ಲ.

4/7
ಈಗ ಒಂದು ಮಜಾ ಲೆಕ್ಕ. ಕೆನಡಾದ ಫೋರ್ಡ್ ವಿ8 ಕೂಡ 95 ಅಶ್ವಶಕ್ತಿ. ಮ್ಯಾಟಡೋರೂ 95. ಹಾಗಾದ್ರೆ ಎರಡೂ ಸಮ ಅಲ್ವಾ? ಅಲ್ಲ.

ಫೋರ್ಡ್ ಎಂಜಿನ್ ಆ ಶಕ್ತಿ ಕೊಡೋಕೆ ನಿಮಿಷಕ್ಕೆ ಸುಮಾರು 3600 ಸುತ್ತು ತಿರುಗಬೇಕು. ಮ್ಯಾಟಡೋರ್‌ಗೆ 1800 ಸಾಕು. ಶಕ್ತಿ ಅಂದ್ರೆ ತಿರುಚುವ ಬಲ ಗುಣಿಸು ವೇಗ. ಅರ್ಧ ವೇಗದಲ್ಲಿ ಅಷ್ಟೇ ಶಕ್ತಿ ಬರುತ್ತೆ ಅಂದ್ರೆ ತಿರುಚುವ ಬಲ ಎರಡು ಪಟ್ಟು ಅಂತ ಅರ್ಥ. ಫೋರ್ಡ್ ಗುಡ್ಡ ಹತ್ತೋವಾಗ ಕಿರುಚುತ್ತೆ, ಮ್ಯಾಟಡೋರ್ ಗುಡುಗುಡು ಅಂತ ಎತ್ತಿನ ಹಾಗೆ ಹೆಜ್ಜೆ ಹಾಕುತ್ತೆ. ರಸ್ತೆಯಲ್ಲಿ ಇದರ ಗರಿಷ್ಠ ವೇಗ ಗಂಟೆಗೆ 58 ಕಿಲೋಮೀಟರ್ ಅಷ್ಟೇ. ಗುಡ್ಡಕ್ಕೆ ಆ ವೇಗವೂ ಬೇಕಿಲ್ಲ.

ಟೈರ್ ಕೂಡ ನೋಡಿ. ಸಾಮಾನ್ಯ ಲಾರಿಗೆ ಹಿಂದೆ ಜೋಡಿ ಟೈರ್. ಮ್ಯಾಟಡೋರ್‌ಗೆ ನಾಲ್ಕು ಮೂಲೆಗೂ ಒಂದೊಂದೇ ದೊಡ್ಡ ಟೈರ್. ಕೆಸರಲ್ಲಿ ಮುಂದಿನ ಟೈರ್ ಮಾಡಿದ ದಾರಿಯಲ್ಲೇ ಹಿಂದಿನದು ಬರುತ್ತೆ, ಹೊಸ ದಾರಿ ತುಳಿಯೋ ಕಷ್ಟ ಇಲ್ಲ. ಜೋಡಿ ಟೈರ್ ನಡುವೆ ಕಲ್ಲು ಸಿಕ್ಕಿಕೊಳ್ಳೋ ತಲೆನೋವೂ ಇಲ್ಲ.

5/7
ಇಲ್ಲಿವರೆಗೆ ಕೇಳಿದ್ರೆ ಲಾರಿ ಗುಡ್ಡ ಹತ್ತಿ, ಮರ ಕಟ್ಟಿಕೊಂಡು, ಎಳ್ಕೊಂಡು ಬರುತ್ತೆ ಅನ್ಸುತ್ತೆ. ನಿಜವಾದ ಜಾಣತನ ಅದರ ಉಲ್ಟಾ: ಲಾರಿಯನ್ನು ನಿಲ್ಲಿಸಿಬಿಡೋದು!

ಯಾಕೆ? 5 ಅಡಿ ಮುಂದೆ ಹೋದ್ರೆ 1 ಅಡಿ ಏರೋ ಗುಡ್ಡ ಅಂದ್ಕೊಳ್ಳಿ. ಅಲ್ಲಿ ಪ್ರತಿ ಟನ್ ಭಾರವೂ ಸುಮಾರು 200 ಕಿಲೋ ಬಲದಿಂದ ಕೆಳಗೆ ಜಗ್ಗುತ್ತೆ. ಮ್ಯಾಟಡೋರ್‌ನ ಸ್ವಂತ ತೂಕವೇ 7 ಟನ್ ಹತ್ತಿರ. ಅಂದ್ರೆ ಅದು ತನ್ನ ಮೈ ಹೊತ್ತು ಹತ್ತೋಕೇ ಸುಮಾರು 1.4 ಟನ್ ಬಲ ಖರ್ಚು. ಮರಕ್ಕೆ ಉಳಿಯೋದು ಮಿಕ್ಕಿದ್ದು. ಅದರ ಮೇಲೆ ಕೆಸರಲ್ಲಿ ಚಕ್ರ ಜಾರಿದ್ರೆ ಅದೂ ಇಲ್ಲ.

ಬದಲಿಗೆ ಗುಡ್ಡದ ಮೇಲೆ ಗಟ್ಟಿ ನೆಲದಲ್ಲಿ ಲಾರಿ ನಿಲ್ಲಿಸಿ, ಸುಮಾರು 76 ಮೀಟರ್ ಉದ್ದದ ಉಕ್ಕಿನ ರೋಪನ್ನು ಕೆಳಗೆ ಬಿಟ್ಟು ವಿಂಚ್ ತಿರುಗಿಸಿದ್ರೆ ಬಲವೆಲ್ಲ ದಿಮ್ಮಿಗೇ. ಸಾಲದಿದ್ರೆ ದಿಮ್ಮಿಗೆ ಒಂದು ಕಪ್ಪಿ ಹಾಕಿ, ರೋಪಿನ ತುದಿಯನ್ನು ಮೇಲಿನ ಗಟ್ಟಿ ಮರದ ಬುಡಕ್ಕೆ ಕಟ್ಟೋದು. ಎಳೆತ ಹೆಚ್ಚೂ ಕಡಿಮೆ ಎರಡು ಪಟ್ಟು. ವೇಗ ಮತ್ತು ದೂರ ಅರ್ಧ. ಬಾವಿ ರಾಟೆಯ ಬಂಧು ಅಷ್ಟೇ.

ಸೇನೆಯಲ್ಲೂ ವಿಂಚ್‌ನ ಕೆಲಸ ಇದೇ ಆಗಿತ್ತು. ಸುಮಾರು 6 ಟನ್ ತೂಕದ 5.5 ಇಂಚಿನ ಫಿರಂಗಿ ಕೆಸರಲ್ಲಿ ಹೂತರೆ ಲಾರಿ ಮುಂದೆ ಹೋಗಿ ನಿಂತು ಎಳೀತಿತ್ತು. ಫಿರಂಗಿ ಜಾಗಕ್ಕೆ ದಿಮ್ಮಿ ಬಂತು, ಗಾಡಿಗೆ ವ್ಯತ್ಯಾಸವೇ ಗೊತ್ತಾಗಲಿಲ್ಲ.

6/7
ಹಾಗಾದ್ರೆ ಮಾಡಿಫಿಕೇಶನ್ ಏನು?

ಮೊದಲು ತೆಗೆದುಹಾಕೋದು. ಹಿಂದೆ ಫಿರಂಗಿ ಪಡೆಯ ಸೈನಿಕರು ಕೂರೋಕೆ, ಗುಂಡು ಇಡೋಕೆ ಇದ್ದ ಬಾಡಿ ಬಿಚ್ಚಿದರು.

ಎರಡು, ಊರುಗಾಲು. 7 ಟನ್ ಗಾಡಿ 7 ಟನ್ ಬಲದಿಂದ ಎಳೆದ್ರೆ ದಿಮ್ಮಿ ಮೇಲೆ ಬರೋ ಬದಲು ಗಾಡಿಯೇ ಕೆಳಗೆ ಜಾರಬಹುದು. ಅದಕ್ಕೇ ಹಿಂದೆ ನೆಲಕ್ಕೆ ಕಚ್ಚಿಕೊಳ್ಳೋ ಉಕ್ಕಿನ ಹಲಗೆ ಜೋಡಿಸಿದರು. ಎಳೆದಷ್ಟೂ ಅದು ಮಣ್ಣಿಗೆ ಇಳಿಯುತ್ತೆ.

ಮೂರು, ದಿಮ್ಮಿ ಎತ್ತಿ ಲೋಡ್ ಮಾಡೋಕೆ ಹಿಂದೆ ಉಕ್ಕಿನ ತೊಲೆಗಳ ಚೌಕಟ್ಟು, ಮೇಲೊಂದು ಕಪ್ಪಿ.

ನಾಲ್ಕು, ಹಿಂದೆ ಭಾರ ಎತ್ತಿದಾಗ ಮೂತಿ ಮೇಲೇಳದಂತೆ ಮುಂದಿನ ಬಂಪರ್ ಮೇಲೆ ತೂಕ. ಮೂತಿ ಎದ್ದರೆ ಸ್ಟಿಯರಿಂಗ್ ಲೆಕ್ಕಕ್ಕಿಲ್ಲ.

ಕೆಲವರು ಮುಂದೆ ಎಇಸಿಯದೇ 9.6 ಅಥವಾ 11.3 ಲೀಟರ್ ಎಂಜಿನ್ ಕೂಡ ಕೂರಿಸಿದರು.

ಯಾವುದನ್ನೂ ಶೋಕಿಗೆ ಮಾಡಿದ್ದಲ್ಲ, ಯಾಕಂದ್ರೆ ತಪ್ಪಿದ್ರೆ ಹೋಗೋದು ಜೀವ. ಬಿಗಿಯಾದ ಉಕ್ಕಿನ ರೋಪ್ ತುಂಡಾದ್ರೆ ಚಾಟಿ ಥರ ಬೀಸುತ್ತೆ. ಎದುರಿಗೆ ಸಿಕ್ಕಿದವರು ಉಳಿಯೋದು ಕಷ್ಟ. ಕಪ್ಪಿ ಹಾಕಿ ರೋಪ್ ತಿರುಗಿಸಿದಾಗ ಆಗೋ ಮೂಲೆಯ ಒಳಗೆ ಯಾರೂ ನಿಲ್ಲಬಾರದು, ಎಳೀತಿರೋ ದಿಮ್ಮಿಯ ಕೆಳಗಡೆ ಯಾರೂ ಇರಬಾರದು. ವಿಂಚ್ ಕೆಲಸದಲ್ಲಿ ಇವತ್ತಿಗೂ ಇದೇ ನಿಯಮ.

7/7
ಈಗ ನಮ್ಮ ಸಬ್ಜೆಕ್ಟ್. ಸೇನೆ ಈ ಗಾಡಿಗೆ ಕೊಟ್ಟ ದುಡ್ಡು ಯುದ್ಧದಲ್ಲೇ ಮುಳುಗಿದ ದುಡ್ಡು, ಸಂಕ್ ಕಾಸ್ಟ್. ಅದಕ್ಕೇ ಹರಾಜಿನ ಬೆಲೆಗೂ ಗಾಡಿಯ ಯೋಗ್ಯತೆಗೂ ಸಂಬಂಧ ಇರಲಿಲ್ಲ. ಆದ್ರೆ ಕೊಳ್ಳೋನ ಲೆಕ್ಕ ಬೇರೆ. ಆಸ್ತಿಯನ್ನು ಬಳಕೆಗೆ ಸಿದ್ಧ ಮಾಡೋ ತನಕದ ಖರ್ಚೂ ಆಸ್ತಿಯ ಬೆಲೆಗೇ ಸೇರುತ್ತೆ ಅಂತ ಓದಿದ್ದೀವಲ್ಲ? ಊರುಗಾಲು, ಚೌಕಟ್ಟು, ಬಂಪರ್ ತೂಕ ಎಲ್ಲ ಅದೇ. ಆಮೇಲೆ ವರ್ಷವರ್ಷದ ಡೀಸೆಲ್, ಟೈರ್, ರೋಪ್, ಸ್ಪೇರ್. ಅಗ್ಗದ ಪೆಟ್ರೋಲ್ ಗಾಡಿ ತಗೊಂಡವನಿಗೆ ಹರಾಜಿನ ದಿನ ಮಾತ್ರ ಲಾಭ.

ಮ್ಯಾಟಡೋರ್ ಗೆದ್ದಿದ್ದು ಹೀಗೆ. ಅದು ಅತಿ ಶಕ್ತಿಶಾಲಿ ಅಲ್ಲ, ಅತಿ ವೇಗದ್ದಂತೂ ಅಲ್ಲ. ಆದ್ರೆ ನಿಧಾನಕ್ಕೆ ಎಳೆಯೋ ಎಂಜಿನ್, ಒಳ್ಳೆ ವಿಂಚ್, ಊರಲ್ಲೇ ಸಿಗೋ ಸ್ಪೇರ್, ಮೂರೂ ಒಟ್ಟಿಗಿದ್ದ ಗಾಡಿ. ಬಸ್ ಕಂಪನಿಗಳು ಕೆಟ್ಟುನಿಂತ ಬಸ್ ಎಳೆಯೋಕೂ ಇದನ್ನೇ ಇಟ್ಟುಕೊಂಡವು. ಆರು ವರ್ಷದ ಯುದ್ಧಕ್ಕೆ ಅಂತ ಮಾಡಿದ ಗಾಡಿಗಳು 1970ರ ದಶಕದಲ್ಲೂ ಕಾಡಿನಲ್ಲಿ ದುಡೀತಿದ್ದವು. ಆಮೇಲೆ ಕಾಡಿಗೆ ಅಂತಲೇ ಮಾಡಿದ ಟ್ರ್ಯಾಕ್ಟರ್, ಹೈಡ್ರಾಲಿಕ್ ಕ್ರೇನ್ ಬಂದು ಇವಕ್ಕೆ ರೆಸ್ಟ್ ಕೊಟ್ಟವು.

ಮುಂದಿನ ಕಂತು: ಫಿಲಿಪೀನ್ಸ್‌ನಲ್ಲಿ ಅಮೆರಿಕನ್ ಸೇನೆ ಬಿಟ್ಟುಹೋದ ಜೀಪುಗಳು ಬಣ್ಣಬಣ್ಣದ ಜೀಪ್ನಿ ಆದ ಕಥೆ. ನಿಮ್ಮ ಊರಲ್ಲೂ ಹಳೇ ಮಿಲಿಟರಿ ಗಾಡಿ ಎಸ್ಟೇಟ್‌ನಲ್ಲೋ ಕ್ವಾರಿಯಲ್ಲೋ ದುಡಿದಿದ್ರೆ ಮನೆಯ ಹಿರಿಯರನ್ನ ಕೇಳಿ, ಕೆಳಗೆ ಬರೀರಿ. ಏನು ಎಳೀತಿತ್ತು, ಎಣ್ಣೆ ಎಷ್ಟು ಕುಡೀತಿತ್ತು, ಎರಡೂ ಹೇಳಿ.

#ಇತಿಹಾಸ #ಮ್ಯಾಟಡೋರ್ #ಯುದ್ಧಮುಗಿದಮೇಲೆ #ಬಿಕಾಂಲೆಕ್ಕ